ಎ ಯಿಂದ ಜೆಡ್‌ವರೆಗೆ ಜೋಡಿಸಿದ ಪದಪಟ್ಟಿ ಬಂದರೆ ಮುಟ್ಟಬೇಡಿ

ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡಿ ನಾಲ್ಕು ಕಾಸು ಸಂಪಾದಿಸುವವರು, ಸಂಪಾದಿಸಬೇಕೆಂದು ಹೊರಟವರು ಇದನ್ನು ಓದಿ. ನನಗೆ 18,000 ರೂಪಾಯಿ ಕೈಬಿಟ್ಟಿದೆ. ಅದು ಹೋಗಲಿ ಎನ್ನಬಹುದು. ಆದರೆ ಪೆರು ದೇಶದ ಲೀಮಾದಲ್ಲಿ, ಒಂದು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ನನ್ನ ಪೆದ್ದುತನವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಯಂತ್ರಕ್ಕೆ ಅಂಟಿಸಿದ್ದರು. ಅದರ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ.

ಕೆಲಸ ಬಂದದ್ದು ಬೇರೆ ಊರಿನ ಅನುವಾದ ಏಜೆನ್ಸಿಯೊಂದರ ಮೂಲಕ. ಹೋಟೆಲು, ಆಸ್ಪತ್ರೆಗಳಿಗೆ ಬಟ್ಟೆ ಒಗೆಯುವ ದೊಡ್ಡ ಯಂತ್ರ ತಯಾರಿಸುವ ಕಾರ್ಖಾನೆ ಅವರ ಗಿರಾಕಿ. ಫಲಕದ ಮೇಲಿನ ಬರಹ, ಕೈಪಿಡಿಯ ಕೋಷ್ಟಕಗಳು, ಬಿಡಿಭಾಗಗಳ ಪಟ್ಟಿ, ಮೂರೂ ಸ್ಪ್ಯಾನಿಷ್‌ನಲ್ಲಿ ಬೇಕಿದ್ದವು. ನನಗೆ ಬಂದ ಎಕ್ಸೆಲ್ ಕಡತದಲ್ಲಿ ಮೂರೂ ಕಲಸುಮೇಲೋಗರವಾಗಿದ್ದವು. ಸುಮಾರು 9,000 ಪದಗಳ ಸಾಮಗ್ರಿಯನ್ನು ಚೂರು ಚೂರು ಮಾಡಿ, ಮತ್ತೆ ಮತ್ತೆ ಬಂದದ್ದನ್ನೆಲ್ಲ ಒಂದೇ ಸಾಲಿಗೆ ಇಳಿಸಿ, ಎ ಯಿಂದ ಜೆಡ್‌ವರೆಗೆ ಜೋಡಿಸಿದ್ದರು. ಉಳಿದದ್ದು 3,200 ಪದ. ಪದಕ್ಕೆ ಎರಡು ರೂಪಾಯಿ. ಒಂದೇ ಪದಕ್ಕೆ ಎರಡು ಸಲ ಯಾಕೆ ದುಡ್ಡು ಕೊಡಬೇಕು ಎಂಬ ಲೆಕ್ಕಾಚಾರ ಅವರದು. ಒಂಟಿ ಪದಗಳು ತಾನೇ, ವಾರದಲ್ಲಿ ಮುಗಿಸಿಬಿಡಬಹುದು ಎಂಬ ಖುಷಿ ನನ್ನದು. ಸ್ಪ್ಯಾನಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಡೆಲೆ ಪರೀಕ್ಷೆಯಲ್ಲಿ ಬಿ2 ಹಂತ ದಾಟಿದ ಜಂಬವೂ ಸೇರಿಕೊಂಡಿತ್ತು.

ಆ ಪಟ್ಟಿಯಲ್ಲಿ 'ಲೈಟ್' ಒಂದೇ ಸಾಲು. ನಾನು 'ಲೂಸ್' ಎಂದು ಬರೆದೆ. ಸ್ಪ್ಯಾನಿಷ್‌ನಲ್ಲಿ ಬೆಳಕಿಗೂ ದೀಪಕ್ಕೂ ಅದೇ ಪದ, ಯಂತ್ರದ ಫಲಕದಲ್ಲಿ ದೀಪ ಇದ್ದೇ ಇರುತ್ತದೆ. ಇತ್ತು ಕೂಡ. ಆದರೆ ಅದೇ ಇಂಗ್ಲಿಷ್ ಪದ ಇನ್ನೂ ಎರಡು ಕಡೆ ಕುಳಿತಿತ್ತು. ಬಟ್ಟೆ ಎಷ್ಟು ಕೊಳೆಯಾಗಿದೆ ಎಂದು ಆರಿಸುವ ತಿರುಗುಗುಂಡಿಯ ಸುತ್ತ ಲೈಟ್, ನಾರ್ಮಲ್, ಹೆವಿ ಎಂದಿತ್ತು. ಅಲ್ಲಿ ಬೇಕಾದದ್ದು 'ಲಿಹೇರೊ', ಅಂದರೆ ಹಗುರ. ಬಟ್ಟೆಯ ಬಣ್ಣ ಆರಿಸುವಲ್ಲಿ ವೈಟ್, ಲೈಟ್, ಡಾರ್ಕ್ ಎಂದಿತ್ತು; ಅಲ್ಲಿ ಬೇಕಾದದ್ದು 'ಕ್ಲಾರೊ', ತಿಳಿಬಣ್ಣ. ಒಂದು ಸಾಲಿನ ಉತ್ತರವನ್ನು ಮೂರೂ ಜಾಗಕ್ಕೆ ಕಂಪ್ಯೂಟರ್ ತಾನಾಗಿಯೇ ತುಂಬಿತು. ಲೀಮಾದಿಂದ ಬಂದ ಫೋಟೋದಲ್ಲಿ ಬಣ್ಣದ ಸಾಲು ಹೀಗಿದೆ: 'ಬ್ಲಾಂಕೊ, ಲೂಸ್, ಓಸ್ಕೂರೊ'. ಬಿಳಿ, ದೀಪ, ಗಾಢ. ಅದರ ಕೆಳಗೆ ಕೊಳೆಯ ಸಾಲು: 'ಲೂಸ್, ನೊರ್ಮಾಲ್, ಪೆಸಾದೊ'. ದೀಪ, ಸಾಧಾರಣ, ತೂಕದ್ದು. 'ಲೂಸ್' ಎಂಬುದನ್ನು ನಮ್ಮ ಬೆಂಗಳೂರಿನ ಅರ್ಥದಲ್ಲಿ ಓದಿಕೊಂಡರೂ ಅನುವಾದಿಸಿದವರಿಗೆ ಸರಿಯಾಗಿ ಹೊಂದುತ್ತದೆ.

'ವಾಷರ್' ಇದಕ್ಕಿಂತ ಘೋರ. ಕಾರ್ಖಾನೆ ತಯಾರಿಸುವುದೇ ವಾಷರ್, ಹಾಗಾಗಿ 'ಲಾವಡೋರಾ' ಎಂದು ಕಣ್ಣುಮುಚ್ಚಿ ಬರೆದೆ. ಬಿಡಿಭಾಗಗಳ ಪಟ್ಟಿಯಲ್ಲಿ ಬೋಲ್ಟಿನ ಕೆಳಗೆ ಹಾಕುವ ವಾಷರ್ ಕೂಡ ಇರುತ್ತದೆ ಎಂಬುದು ಹೊಳೆಯಲಿಲ್ಲ. ಅದಕ್ಕೆ ಪೆರುವಿನಲ್ಲಿ 'ಆರಾಂದೇಲಾ' ಎನ್ನುತ್ತಾರೆ; ಮೆಕ್ಸಿಕೊ ಆಗಿದ್ದರೆ 'ರೊಂದಾನಾ'. ಹೀಗಾಗಿ ಒಂದು ಬಟ್ಟೆ ಒಗೆಯುವ ಯಂತ್ರದ ಮೋಟಾರನ್ನು ಬಿಗಿಯಲು ಎಂಟು ಮಿಲಿಮೀಟರಿನ ಹದಿನಾರು ಬಟ್ಟೆ ಒಗೆಯುವ ಯಂತ್ರಗಳು ಬೇಕು ಎಂದಾಯಿತು. ನೀರಿನ ಗುಣಮಟ್ಟದ ಕೋಷ್ಟಕದಲ್ಲಿ 'ಐರನ್' ಎಂದರೆ ಕಬ್ಬಿಣದ ಅಂಶ, 'ಇಯೆರ್ರೊ'. ನಾನು ಬರೆದದ್ದು 'ಪ್ಲಾಂಚಾ'. ಒಂದು ಲೀಟರ್ ನೀರಿನಲ್ಲಿ 0.1 ಮಿಲಿಗ್ರಾಂಗಿಂತ ಹೆಚ್ಚು ಇಸ್ತ್ರಿಪೆಟ್ಟಿಗೆ ಇರಬಾರದಂತೆ.

ನಗು ಬರುವಂಥ ತಪ್ಪುಗಳು ಹೇಗೋ ಕಣ್ಣಿಗೆ ಬೀಳುತ್ತವೆ. ಕೆಲಸ ಕೆಡಿಸಿದ್ದು 'ಎಂಪ್ಟಿ'. ಅದು ಗುಂಡಿಯ ಮೇಲಿನ ಪದ, ಒತ್ತಿದರೆ ಡ್ರಮ್ಮಿನ ನೀರು ಹೊರಹೋಗಬೇಕು. ಅಂದರೆ 'ವಾಸಿಯಾರ್', ಖಾಲಿ ಮಾಡು. ನಾನು 'ವಾಸೀಯೊ' ಎಂದು ಬರೆದಿದ್ದೆ, ಖಾಲಿಯಾಗಿದೆ ಎಂದು. ಇಂಗ್ಲಿಷಿನಲ್ಲಿ ಗುಣವಾಚಕ, ಕ್ರಿಯಾಪದ ಎರಡೂ ಒಂದೇ ವೇಷದಲ್ಲಿ ಓಡಾಡುತ್ತವೆ. ಸ್ಪ್ಯಾನಿಷ್‌ನಲ್ಲಿ ಬೇರೆ ಬೇರೆ ವೇಷ. ಅಲ್ಲಿನ ಕೆಲಸದವರು ಆ ಗುಂಡಿಯನ್ನು ಗುಂಡಿ ಎಂದುಕೊಳ್ಳದೆ ಸೂಚಕ ಎಂದುಕೊಂಡರು. ನೀರು ತುಂಬಿದ ಡ್ರಮ್ಮಿನ ಪಕ್ಕದಲ್ಲಿ 'ಖಾಲಿಯಾಗಿದೆ' ಎಂಬ ಬರಹ ಮಿನುಗುತ್ತಿದ್ದರೆ ಯಾರಿಗೆ ತಾನೇ ಒತ್ತಬೇಕೆನಿಸುತ್ತದೆ? 'ಡ್ರೈ', 'ಓಪನ್', 'ಕ್ಲಿಯರ್' ಎಲ್ಲವೂ ಇದೇ ಜಾತಿ.

ಕನ್ನಡದವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಯಾರಾದರೂ ಚೀಟಿಯಲ್ಲಿ 'ಆರು' ಎಂದಷ್ಟೇ ಬರೆದು ಕೊಟ್ಟರೆ ನಾವು ಕೇಳುತ್ತೇವೆ: ಐದಾದ ಮೇಲಿನದೋ, ಬಟ್ಟೆ ಆರುವುದೋ? 'ಏಳು', 'ಹತ್ತು' ಕೂಡ ಹಾಗೆಯೇ, ಲೆಕ್ಕಕ್ಕೂ ಉಂಟು, ಹಾಸಿಗೆಯಿಂದ ಏಳುವುದಕ್ಕೂ ಬೆಟ್ಟ ಹತ್ತುವುದಕ್ಕೂ ಉಂಟು. ನಮ್ಮ ಭಾಷೆಯಲ್ಲಿ ಕೇಳುವ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಲು ನನಗೇಕೆ ನಾಚಿಕೆಯಾಯಿತೋ ಗೊತ್ತಿಲ್ಲ. ಗೊತ್ತಿಲ್ಲದವರು ಎಂದುಕೊಂಡಾರು ಎಂಬ ಅಳುಕು ಇರಬೇಕು.

ಅಂದಹಾಗೆ 'ಸ್ಪ್ರಿಂಗ್' ಸರಿಯಾಗಿ ಬರೆದಿದ್ದೆ, 'ರೆಸೋರ್ತೆ' ಎಂದು. ವಸಂತಋತುವಿನ 'ಪ್ರಿಮಾವೆರಾ' ಹಾಕಲಿಲ್ಲ. 'ನಟ್' ಕೂಡ 'ತುಎರ್ಕಾ' ಆಯಿತೇ ಹೊರತು ತಿನ್ನುವ ಬೀಜವಾಗಲಿಲ್ಲ. ತರಗತಿಗಳಲ್ಲಿ ಎಚ್ಚರಿಸುವುದು ಇಂಥ ಪದಗಳ ಬಗ್ಗೆಯೇ. ಯಂತ್ರದೊಳಗೆ ವಸಂತಋತು ಹುಡುಕುವಷ್ಟು ದಡ್ಡರು ಯಾರೂ ಇಲ್ಲ, ಆದ್ದರಿಂದ ಅವು ಅಪಾಯದ ಪದಗಳೇ ಅಲ್ಲ. ಎರಡು ಅರ್ಥಗಳೂ ಒಂದೇ ಯಂತ್ರದೊಳಗೆ ಸಂಸಾರ ಹೂಡಿರುವ ಪದಗಳಿಗೆ ಹೆದರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಏಜೆನ್ಸಿಯವರು ನನ್ನ ಕಡತವನ್ನು ಪರೀಕ್ಷಿಸಿಯೇ ಕಳಿಸಿದ್ದರು. ಹೇಗೆ? ಸ್ಪ್ಯಾನಿಷನ್ನು ಯಂತ್ರಾನುವಾದಕ್ಕೆ ಹಾಕಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ತಾಳೆ ನೋಡಿದ್ದರು. 'ಲೂಸ್' ತಿರುಗಿ 'ಲೈಟ್' ಆಯಿತು. 'ಲಾವಡೋರಾ' ತಿರುಗಿ 'ವಾಷರ್' ಆಯಿತು. 'ವಾಸೀಯೊ' ತಿರುಗಿ 'ಎಂಪ್ಟಿ' ಆಯಿತು. ಎಲ್ಲಕ್ಕೂ ಹಸಿರು ಬಣ್ಣ! ಅಚ್ಚರಿಯೆಂದರೆ ಕೆಂಪು ಬಿದ್ದದ್ದು ನಾನು ಯೋಚಿಸಿ ಬರೆದ ಕೆಲವು ಸಾಲುಗಳಿಗೆ. ಇಂಗ್ಲಿಷ್ ಪದದ ಎರಡು ಅರ್ಥಗಳಲ್ಲಿ ಯಾವುದನ್ನು ಹಿಡಿದು ಹೋದರೂ ವಾಪಸು ಬರುವಾಗ ಅದೇ ಪದದ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಹಾಗಾಗಿ ಈ ತಪಾಸಣೆ ಬೇರೆ ತಪ್ಪುಗಳನ್ನು ಹಿಡಿಯಬಹುದು, ನಾನು ಮಾಡಿದಂಥ ತಪ್ಪನ್ನು ಮಾತ್ರ ಹಿಡಿಯುವುದಿಲ್ಲ. ಬದಲಿಗೆ ಅದಕ್ಕೆ ಸರಿ ಎಂಬ ಮುದ್ರೆ ಒತ್ತಿ ಕಳಿಸುತ್ತದೆ. ನಾವು ಎರಡು ಸಲ ನೋಡುತ್ತೇವೆ ಎಂದು ಯಾರಾದರೂ ಧೈರ್ಯ ಹೇಳಿದರೆ ಎರಡನೆಯ ಸಲ ನೋಡುವವರು ಸ್ಪ್ಯಾನಿಷ್ ಬಲ್ಲ ಮನುಷ್ಯರೇ, ಅವರ ಮುಂದೆ ಫಲಕದ ಚಿತ್ರ ಇರುತ್ತದೆಯೇ ಎಂದು ಕೇಳಿ.

ಬಟ್ಟೆಯ ಯಂತ್ರವಾದ್ದರಿಂದ ನಾನು ಬಚಾವಾದೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಔಷಧ ಅಂಗಡಿಗಳಲ್ಲಿ ಕಂಪ್ಯೂಟರ್ ತಯಾರಿಸುವ ಸ್ಪ್ಯಾನಿಷ್ ಚೀಟಿಗಳ ಬಗ್ಗೆ 2010ರಲ್ಲಿ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ ಅಧ್ಯಯನವೊಂದು ಪ್ರಕಟವಾಗಿತ್ತು. ಪರೀಕ್ಷಿಸಿದ ಚೀಟಿಗಳಲ್ಲಿ ಅರ್ಧದಷ್ಟರಲ್ಲಿ ದೋಷವಿತ್ತು. ಅಂಥ ಚೀಟಿಯಲ್ಲಿ ಒಂದು ಸಲ ಎಂಬರ್ಥದ ಇಂಗ್ಲಿಷಿನ 'ವನ್ಸ್' ಹಾಗೆಯೇ ಉಳಿದುಬಿಟ್ಟರೆ ಏನಾಗುತ್ತದೆ ನೋಡಿ. ಅದೇ ನಾಲ್ಕು ಅಕ್ಷರ ಸ್ಪ್ಯಾನಿಷ್‌ನಲ್ಲಿ 'ಓನ್ಸೆ', ಹನ್ನೊಂದು. ದಿನಕ್ಕೊಂದು ಮಾತ್ರೆ ಹನ್ನೊಂದಾಗುತ್ತದೆ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ತಪ್ಪಿನಿಂದಾಗುವ ಮರುಮುದ್ರಣದ ಖರ್ಚು ಅನುವಾದಕರದೇ ಎಂಬ ಷರತ್ತು ಕರಾರಿನ ಆರನೆಯ ಪುಟದಲ್ಲಿತ್ತು. ನಾನು ಓದದೆ ಸಹಿ ಹಾಕಿದ್ದೆ. ಈ ಕೆಲಸದ 6,400 ರೂಪಾಯಿ ಕೊಡಲಿಲ್ಲ. ಹಿಂದಿನ ಕೆಲಸದ ಬಾಕಿ 11,600 ರೂಪಾಯಿಯನ್ನೂ ಹಿಡಿದುಕೊಂಡರು. ಗಿರಾಕಿಯನ್ನು ನೇರವಾಗಿ ಸಂಪರ್ಕಿಸಬಾರದು ಎಂಬ ಷರತ್ತೂ ಅದೇ ಪುಟದಲ್ಲಿತ್ತು. ಅಂದರೆ ಕೇಳುವ ಹಾಗೂ ಇಲ್ಲ, ತಪ್ಪುವ ಹಾಗೂ ಇಲ್ಲ. ಆದರೂ ತಪ್ಪೆಲ್ಲ ಅವರದೇ ಎಂದು ನಾನು ಹೇಳಲಾರೆ. ಮೂರು ಸಾವಿರ ಪದಗಳ ನಡುವೆ ಒಂದೇ ಒಂದು ಪ್ರಶ್ನೆ ಕೇಳದೆ ಕೆಲಸ ಒಪ್ಪಿಸಿದ್ದು ನಾನೇ.

ಈಗ ಪಟ್ಟಿ ಬಂದರೆ ಪದದ ಪಕ್ಕದಲ್ಲಿ ಅದು ಎಲ್ಲಿ ಬರುತ್ತದೆ ಎಂಬ ಕಾಲಂ ಇದೆಯೇ ಎಂದು ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಫಲಕದ ಫೋಟೋ, ಕೈಪಿಡಿಯ ಪಿಡಿಎಫ್ ಕೇಳುತ್ತೇನೆ. ಒಂದೇ ಪದಕ್ಕೆ ಜಾಗ ನೋಡಿಕೊಂಡು ಬೇರೆ ಬೇರೆ ಗುರುತು ಅಂಟಿಸುವ ಸೌಲಭ್ಯ ತಂತ್ರಾಂಶ ಬರೆಯುವವರ ಬಳಿ ಇರುತ್ತದೆ, ಬಳಸುವುದಿಲ್ಲ ಅಷ್ಟೇ. ಯಾವ ದೇಶಕ್ಕೆ ಎಂದೂ ಕೇಳುತ್ತೇನೆ, ಏಕೆಂದರೆ ಬಟ್ಟೆ ಬಿಳುಪಾಗಿಸುವ ದ್ರಾವಣ ಪೆರುವಿನಲ್ಲಿ 'ಲೆಹೀಯಾ', ಅರ್ಜೆಂಟೀನಾದಲ್ಲಿ 'ಲಾವಾಂದೀನಾ'. ಸಂದೇಹ ಬಂದ ಪದಗಳನ್ನು ಬೇರೊಂದು ಹಾಳೆಯಲ್ಲಿ ಬರೆದು, ಉತ್ತರ ಮಿಂಚಂಚೆಯಲ್ಲೇ ಬರಲಿ ಎಂದು ಪಟ್ಟು ಹಿಡಿಯುತ್ತೇನೆ. ಫೋನಿನಲ್ಲಿ ಹೇಳಿದ್ದು ಜಗಳದ ದಿನ ಯಾರಿಗೂ ನೆನಪಿರುವುದಿಲ್ಲ.

ಕಳೆದ ತಿಂಗಳು ಬೇರೊಂದು ಏಜೆನ್ಸಿಯಿಂದ ಇಂಥದ್ದೇ ಕಡತ ಬಂತು, ಎ ಯಿಂದ ಜೆಡ್‌ವರೆಗೆ. ಎರಡನೆಯ ಪುಟದಲ್ಲಿ 'ಬ್ಯಾಕ್' ಎಂಬ ಒಂಟಿ ಪದ. ಇದು ಹಿಂದಕ್ಕೆ ಹೋಗುವ ಗುಂಡಿಯೋ, ಯಂತ್ರದ ಹಿಂಬದಿಯೋ, ಭಾರ ಎತ್ತುವಾಗ ಜೋಪಾನ ಮಾಡಬೇಕಾದ ಬೆನ್ನೋ ಎಂದು ಬರೆದು ಕೇಳಿದೆ. ಮರುದಿನ ಉತ್ತರ ಬಂತು: 'ಸಾಮಾನ್ಯವಾಗಿ ಯಾವುದು ಬಳಕೆಯಲ್ಲಿದೆಯೋ ಅದನ್ನು ಹಾಕಿ.' ಕಡತವನ್ನು ವಾಪಸು ಕಳಿಸಿದೆ.