ದೆಹಲಿಯ ಲೋಕಲ್ ರೈಲು ಮತ್ತು ಮೆಟ್ರೋ: ಶೃಂಗಸಭೆಯ ದಿನಗಳಲ್ಲಿ ಯಾವುದು ಕೈಹಿಡಿಯಿತು?

ನಾನು ಫರೀದಾಬಾದ್‌ನಲ್ಲಿ ಮನೆ ಮಾಡಿ ಹತ್ತು ವರ್ಷದ ಮೇಲಾಯಿತು. ಕೆಲಸ ದೆಹಲಿಯ ಐಟಿಒ ಹತ್ತಿರ, ಬಹಾದುರ್ ಶಾ ಜಫರ್ ಮಾರ್ಗದಲ್ಲಿ. ಪತ್ರಿಕೆ ಕಚೇರಿಗಳ ಬೀದಿ ಅದು. ನಮ್ಮ ಕೆಲಸಕ್ಕೆ ಶನಿವಾರ ಭಾನುವಾರ ಅಂತಿಲ್ಲ, ಊರಿಗೆಲ್ಲ ರಜೆ ಕೊಟ್ಟ ದಿನವೂ ನಾವು ಹೋಗಲೇಬೇಕು. ಹೋಗಿ ಬರಲು ಎರಡು ದಾರಿ. ಒಂದು, ಫರೀದಾಬಾದ್‌ಗಿಂತ ಆಚೆ ಇರುವ ಪಲ್ವಲ್ ಊರಿನ ಕಡೆಯಿಂದ ಬರುವ ಇಎಂಯು, ಅಂದರೆ ಕರೆಂಟಿನ ಲೋಕಲ್ ರೈಲು. ತಿಲಕ್ ಬ್ರಿಜ್‌ನಲ್ಲಿ ಇಳಿದು ನಡೆದರೆ ಆಯಿತು. ಇನ್ನೊಂದು, ಮೆಟ್ರೋದ ವಯಲೆಟ್ ಲೈನ್. ಅದು ಸೀದಾ ಐಟಿಒಗೇ ತಂದು ಬಿಡುತ್ತದೆ. ಜೇಬಿನಲ್ಲಿ ರೈಲಿನ ಮಾಸಿಕ ಪಾಸೂ ಇರುತ್ತದೆ, ಮೆಟ್ರೋ ಕಾರ್ಡೂ ಇರುತ್ತದೆ.

ಮಾಮೂಲಿ ದಿನಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಬೇರೆ. ದೇಶ ವಿದೇಶದ ನಾಯಕರು ದೆಹಲಿಗೆ ಬಂದು ಕೂತಾಗ, ಭದ್ರತೆ ಅಂತ ರಸ್ತೆಗಳೆಲ್ಲ ಮುಚ್ಚಿದಾಗ, ಈ ಎರಡರಲ್ಲಿ ಯಾವುದು ನಮ್ಮನ್ನು ಕೆಲಸಕ್ಕೆ ಮುಟ್ಟಿಸುತ್ತದೆ, ಯಾವುದು ನಡುನೀರಿನಲ್ಲಿ ಕೈಬಿಡುತ್ತದೆ ಅನ್ನೋದು. 2023ರ ಜಿ20 ಶೃಂಗಸಭೆಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಆಮೇಲೂ ಪ್ರತಿ ಜನವರಿಯಲ್ಲಿ ಅದರ ಚಿಕ್ಕ ರೂಪ ನೋಡುತ್ತಲೇ ಇದ್ದೇನೆ.

ಮೊದಲು ಜಾಗ ಹೇಳುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಜಿ20 ಸಭೆ ನಡೆದದ್ದು ಸೆಪ್ಟೆಂಬರ್ 9 ಮತ್ತು 10ರಂದು, ಪ್ರಗತಿ ಮೈದಾನದ ಭಾರತ್ ಮಂಟಪಂನಲ್ಲಿ. ನಮ್ಮ ಲೋಕಲ್ ರೈಲಿನ ಹಳಿ ಆ ಮೈದಾನದ ಪೂರ್ವದ ಅಂಚಿಗೇ ಇದೆ. ನಿಜಾಮುದ್ದೀನ್ ಬಿಟ್ಟ ಮೇಲೆ ಎಡಗಡೆ ಕಿಟಕಿಯಲ್ಲಿ ಕೂತರೆ ಮೈದಾನದ ಕಟ್ಟಡಗಳು ಸಾಲಾಗಿ ಕಾಣುತ್ತವೆ. ಅದು ದಾಟಿದರೆ ತಿಲಕ್ ಬ್ರಿಜ್, ಆಮೇಲೆ ಶಿವಾಜಿ ಬ್ರಿಜ್, ಆಮೇಲೆ ನವದೆಹಲಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುವವರೂ ಕೊನೆಗೆ ಇದೇ ಹಳಿಯ ಮೇಲೆ ಬಂದು ನವದೆಹಲಿ ಸೇರುತ್ತಾರೆ. ಮೆಟ್ರೋದ ಬ್ಲೂ ಲೈನ್ ಕೂಡ ಮೈದಾನದ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿನ ನಿಲ್ದಾಣಕ್ಕೆ ಮೊದಲು ಪ್ರಗತಿ ಮೈದಾನ ಅಂತಲೇ ಹೆಸರಿತ್ತು, ಈಗ ಸುಪ್ರೀಂ ಕೋರ್ಟ್. ಅಂದರೆ ರೈಲು, ಮೆಟ್ರೋ ಎರಡಕ್ಕೂ ಸಭೆಯ ಜಾಗ ತೀರಾ ಹತ್ತಿರ. ಇಬ್ಬರಿಗೂ ಅಪಾಯ ಒಂದೇ. ಆದರೆ ಎರಡು ಸೇವೆಗಳು ನಡೆದುಕೊಂಡ ರೀತಿ ಮಾತ್ರ ಒಂದೇ ಆಗಿರಲಿಲ್ಲ.

ಮೆಟ್ರೋ ವಿಷಯಕ್ಕೆ ಬರೋಣ. ಸಭೆಗೆ ಒಂದು ವಾರ ಇರುವಾಗ ಗೊಂದಲ ಶುರುವಾಯಿತು. ಪೊಲೀಸರು ಮೆಟ್ರೋಗೆ ಕೊಟ್ಟ ಪಟ್ಟಿಯಲ್ಲಿ 39 ನಿಲ್ದಾಣಗಳ ಹೆಸರಿದೆ ಎಂದು ಸುದ್ದಿ ಬಂತು. ಅದು ವಾಟ್ಸಾಪ್‌ಗೆ ಬರುವಷ್ಟರಲ್ಲಿ "39 ನಿಲ್ದಾಣ ಬಂದ್" ಅಂತಾಗಿತ್ತು. ನಮ್ಮ ಕಚೇರಿಯಲ್ಲಿ ರಾತ್ರಿ ಅಲ್ಲೇ ಮಲಗಲು ವ್ಯವಸ್ಥೆ ಮಾಡಬೇಕಾ ಅಂತ ಮಾತು ಶುರುವಾಯಿತು. ಆದರೆ ಬೇಗನೇ ಸ್ಪಷ್ಟನೆ ಬಂತು. 9 ಮತ್ತು 10ರಂದು ಹತ್ತುವುದು ಇಳಿಯುವುದು ನಿಲ್ಲುವುದು ಸುಪ್ರೀಂ ಕೋರ್ಟ್ ನಿಲ್ದಾಣ ಒಂದರಲ್ಲೇ. ಉಳಿದ ಕಡೆ ಗಣ್ಯರ ವಾಹನ ಹೋಗುವಾಗ ಸ್ವಲ್ಪ ಹೊತ್ತು ಗೇಟ್ ಹಾಕಬಹುದು, ಅಷ್ಟೇ. ಸುಪ್ರೀಂ ಕೋರ್ಟ್, ಪಟೇಲ್ ಚೌಕ್, ರಾಮಕೃಷ್ಣ ಆಶ್ರಮ ಮಾರ್ಗ ಈ ಮೂರು ಕಡೆ ಪಾರ್ಕಿಂಗ್ ಇರುವುದಿಲ್ಲ. 8ರಿಂದ 10ರವರೆಗೆ ಎಲ್ಲ ಲೈನಿನಲ್ಲೂ ಬೆಳಗಿನ ಜಾವ 4ಕ್ಕೇ ರೈಲು ಶುರು, 6ರವರೆಗೆ ಅರ್ಧ ಗಂಟೆಗೊಂದು, ಆಮೇಲೆ ಮಾಮೂಲಿ.

ಪ್ರಯಾಣಿಕನಿಗೆ ಬೇಕಾದದ್ದು ಇಷ್ಟೇ ಅಲ್ವಾ? ಯಾವ ನಿಲ್ದಾಣ, ಯಾವ ದಿನ, ಎಷ್ಟು ಗಂಟೆಗೆ. ಬೆಳಗಿನ ಜಾವ 4ರ ರೈಲು ಬಿಟ್ಟದ್ದು ಮುಖ್ಯವಾಗಿ ಕರ್ತವ್ಯಕ್ಕೆ ಹೋಗುವ ಪೊಲೀಸರು ಮತ್ತು ಸಿಬ್ಬಂದಿಗಾಗಿ. ಆದರೆ ಅದರಲ್ಲಿ ನರ್ಸ್‌ಗಳು ಬಂದರು, ಹೋಟೆಲ್ ಅಡುಗೆಯವರು ಬಂದರು, ನಮ್ಮಂಥವರೂ ಬಂದೆವು. ಮೇಲೆ ರಸ್ತೆಗಳೆಲ್ಲ ಖಾಲಿ, ಬಸ್ಸಿಲ್ಲ, ಆಟೋ ಇಲ್ಲ. ಕೆಳಗೆ ಮೆಟ್ರೋ ಮಾತ್ರ ಹೇಳಿದ ಸಮಯಕ್ಕೆ ಓಡುತ್ತಿತ್ತು. ತಪಾಸಣೆ ಜಾಸ್ತಿ ಇತ್ತು, ನಿಜ. ಬ್ಯಾಗ್ ಎಕ್ಸ್‌ರೇ ಯಂತ್ರದಿಂದ ಹೊರಬಂದ ಮೇಲೂ ತೆರೆದು ತೋರಿಸಬೇಕಿತ್ತು. ನನ್ನ ಮುಂದಿದ್ದ ಒಬ್ಬರ ಟಿಫಿನ್ ಡಬ್ಬಿಯ ಮೂರೂ ಅಂತಸ್ತು ಬಿಚ್ಚಿಸಿ, ನೋಡಿ, ಮತ್ತೆ ಜೋಡಿಸಿ ಕೊಟ್ಟರು. ಯಾರೂ ಗೊಣಗಲಿಲ್ಲ. ತಪಾಸಣೆ ಮಾಡಿ, ಆದರೆ ಹೋಗಲು ಬಿಡಿ. ಎಲ್ಲರೂ ಬಯಸಿದ್ದು ಅದನ್ನೇ. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಮೊದಲ ದಿನಗಳ ಗೊಂದಲಕ್ಕೆ ಅರ್ಧ ಅಂಕ ಕಡಿಮೆ.

ಈಗ ಲೋಕಲ್ ರೈಲು. ಇಲ್ಲಿ ಮನಸ್ಸಿಗೆ ತುಂಬ ಬೇಸರವಿದೆ.

ಸೆಪ್ಟೆಂಬರ್ 9ರಿಂದ 11ರವರೆಗೆ ಉತ್ತರ ರೈಲ್ವೆ 200ಕ್ಕೂ ಹೆಚ್ಚು ರೈಲುಗಳನ್ನು ರದ್ದು ಮಾಡಿತು. ಕೆಲವನ್ನು ದೆಹಲಿಯ ಅಂಚಿನಲ್ಲೇ ನಿಲ್ಲಿಸಿತು, ಕೆಲವಕ್ಕೆ ದಾರಿ ಬದಲಿಸಿತು. ಸಂಖ್ಯೆ ಓದಿದವರಿಗೆ ದೂರದೂರಿನ ರೈಲುಗಳು ನಿಂತವು ಅನ್ನಿಸಬಹುದು. ಆದರೆ ಆ ಪಟ್ಟಿಯಲ್ಲಿ ಜಾಸ್ತಿ ಇದ್ದದ್ದು ಪಲ್ವಲ್, ಪಾಣಿಪತ್, ರೋಹ್ಟಕ್, ರೇವಾಡಿ ಕಡೆಯ ಲೋಕಲ್ ಮತ್ತು ಪ್ಯಾಸೆಂಜರ್ ರೈಲುಗಳು. ದಿನಾ ಬೆಳಗ್ಗೆ ದೆಹಲಿಗೆ ದುಡಿಯಲು ಬಂದು ಸಂಜೆ ಮನೆಗೆ ಹೋಗುವವರ ರೈಲುಗಳು. ದೂರದ ಎಕ್ಸ್‌ಪ್ರೆಸ್‌ಗಳಿಗಾದರೆ ಬೇರೆ ಏರ್ಪಾಡು ಮಾಡಿದ್ದರು. ಸುಮಾರು 70 ರೈಲುಗಳಿಗೆ ಹೆಚ್ಚುವರಿ ನಿಲುಗಡೆ ಕೊಟ್ಟು, ಊರ ನಡುವೆ ಬರಲು ಕಷ್ಟವಾದವರು ಹೊರಗಿನ ನಿಲ್ದಾಣಗಳಲ್ಲೇ ಹತ್ತಿ ಇಳಿಯಲು ಅನುಕೂಲ ಮಾಡಿದರು. ಅದು ಒಳ್ಳೆಯ ಕೆಲಸ, ಮೆಚ್ಚುತ್ತೇನೆ. ಮುಂಗಡ ಬುಕ್ ಮಾಡಿದವರ ಬಗ್ಗೆ ಯಾರೋ ಕೂತು ಯೋಚಿಸಿದ್ದಾರೆ ಅಂತ ಗೊತ್ತಾಗುತ್ತದೆ. ಪಾಸ್ ಹಿಡಿದವರ ಬಗ್ಗೆ ಹಾಗೆ ಯೋಚಿಸಿದವರು ಯಾರು?

ಈ ಲೋಕಲ್‌ನಲ್ಲಿ ಬರುವವರು ಯಾರು ಅಂತ ಒಮ್ಮೆ ನೋಡಬೇಕು. ಬಾಗಿಲ ಹತ್ತಿರ ಹಾಲಿನ ಕ್ಯಾನ್ ಇಟ್ಟುಕೊಂಡವರು. ಆಸ್ಪತ್ರೆಯ ವಾರ್ಡ್ ಬಾಯ್‌ಗಳು. ಸದರ್ ಬಜಾರಿನ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು. ಸಾಮಾನು ಹೊರುವವರು. ನಾಲ್ಕು ಜನ ಎದುರುಬದುರು ಕೂತು, ಮೊಣಕಾಲಿನ ಮೇಲೆ ಟವೆಲ್ ಹಾಸಿ, ಇಸ್ಪೀಟು ಹಾಕಿಕೊಂಡು ಬರುತ್ತಾರೆ. ಯಾರು ಎಲ್ಲಿ ಹತ್ತುತ್ತಾರೆ, ಯಾರ ಸೀಟು ಯಾವುದು, ಎಲ್ಲರಿಗೂ ಗೊತ್ತು. ಮೆಟ್ರೋದಲ್ಲಿ ಕೆಲವು ದಿನ ಓಡಾಡಿದರೆ ಖರ್ಚಾಗುವ ದುಡ್ಡಿನಲ್ಲಿ ಇಲ್ಲಿ ಇಡೀ ತಿಂಗಳು ಓಡಾಡಬಹುದು. 2023ರಲ್ಲಿ ಮೆಟ್ರೋದ ಗರಿಷ್ಠ ದರ ಒಂದು ಸಲಕ್ಕೆ 60 ರೂಪಾಯಿ. ದಿನಗೂಲಿಯವನಿಗೆ ಹೋಗಿ ಬರಲು 120 ಅಂದರೆ ಸಣ್ಣ ಮೊತ್ತವಲ್ಲ.

ನನಗೆ ಫರೀದಾಬಾದ್‌ನಿಂದ ಮೆಟ್ರೋ ಇತ್ತು, ಬಚಾವಾದೆ. ವಯಲೆಟ್ ಲೈನ್ 2018ರಲ್ಲಿ ಬಲ್ಲಭಗಢದವರೆಗೆ ಬಂತು, ಅಲ್ಲಿಗೆ ನಿಂತಿತು. ಪಲ್ವಲ್‌ಗೆ ಮೆಟ್ರೋ ಇಲ್ಲ. ಅಸಾವಟಿಗೆ ಇಲ್ಲ. ಅಲ್ಲಿಂದ ಬರುವವರು ಮೊದಲು ಷೇರ್ ಆಟೋ ಅಥವಾ ಬಸ್ ಹಿಡಿದು ಬಲ್ಲಭಗಢಕ್ಕೆ ಬರಬೇಕು, ಆಮೇಲೆ ಮೆಟ್ರೋ. ದಿನಾ ನನ್ನ ಬೋಗಿಯಲ್ಲಿ ಬರುವ ಒಬ್ಬರು ಪಲ್ವಲ್ ಕಡೆಯವರು, ದೊಡ್ಡ ಆಸ್ಪತ್ರೆಯೊಂದರಲ್ಲಿ ಅಟೆಂಡರ್. ಊರಿಗೆ ರಜೆ ಇದ್ದರೂ ವಾರ್ಡಿಗೆ ರಜೆ ಇಲ್ಲ. ಶನಿವಾರ ಬೆಳಗ್ಗೆ ಅವರು ಎರಡು ಆಟೋ, ಒಂದು ಮೆಟ್ರೋ ಬದಲಿಸಿ ಬಂದರು. ಹಿಂದಿನ ದಿನದ ಪಾಳಿಯವರು ಇವರು ಬರುವವರೆಗೆ ಮನೆಗೆ ಹೋಗದೆ ಕಾದಿದ್ದರಂತೆ. ಆ ಮೂರು ದಿನಕ್ಕೆ ಅವರು ಕೊಟ್ಟ ಬಾಡಿಗೆ ಅವರ ತಿಂಗಳ ಪಾಸಿನ ಬೆಲೆಗಿಂತ ಜಾಸ್ತಿಯಾಯಿತು.

ಮಾಹಿತಿ ಇನ್ನೊಂದು ತೊಂದರೆ. ರದ್ದಾದ ರೈಲುಗಳ ಪಟ್ಟಿ ಮೊದಲೇ ಪ್ರಕಟವಾಗಿತ್ತು, ಅದನ್ನು ಹೇಳಲೇಬೇಕು. ಆದರೆ ಅದು ಐದಂಕಿಯ ರೈಲು ಸಂಖ್ಯೆಗಳ ಉದ್ದ ಪಟ್ಟಿ. ಲೋಕಲ್‌ನಲ್ಲಿ ಹೋಗುವ ಯಾರೂ ರೈಲನ್ನು ಸಂಖ್ಯೆಯಿಂದ ಗುರುತಿಸುವುದಿಲ್ಲ. "ಏಳೂಕಾಲರ ಗಾಡಿ", "ಲೇಡೀಸ್ ಸ್ಪೆಷಲ್", "ಶಕೂರ್ ಬಸ್ತಿ ಗಾಡಿ" ಅನ್ನುತ್ತಾರೆ. ಒಂದು ಚಿಕ್ಕ ನಿಲ್ದಾಣದಲ್ಲಿ ಆ ಪಟ್ಟಿಯ ಜೆರಾಕ್ಸ್ ಪ್ರತಿಯನ್ನು ಟಿಕೆಟ್ ಕಿಟಕಿಯ ಗಾಜಿಗೆ ಅಂಟಿಸಿದ್ದರು. ಅಕ್ಷರ ಸಾಸಿವೆಯಷ್ಟು. ಯಾರೋ ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ಸುತ್ತ ನಿಂತವರಿಗೆ ಒಂದೊಂದೇ ಓದಿ ಹೇಳುತ್ತಿದ್ದ. "ಬೆಳಗಿನ ಏಳರಿಂದ ಒಂಬತ್ತರ ನಡುವೆ ಇಲ್ಲಿಂದ ಈ ಒಂದು ಗಾಡಿ ಮಾತ್ರ ಹೋಗುತ್ತದೆ" ಅಂತ ದಪ್ಪ ಅಕ್ಷರದಲ್ಲಿ ಹಿಂದಿಯಲ್ಲಿ ಬರೆದು ನೇತುಹಾಕಿದ್ದರೆ ಸಾಕಿತ್ತು.

ಯಾಕೆ ಹೀಗಾಗುತ್ತದೆ ಅಂತ ಬಹಳ ಯೋಚಿಸಿದ್ದೇನೆ. ಮೆಟ್ರೋ ನಿಲ್ದಾಣಕ್ಕೆ ಗೋಡೆ ಇದೆ, ಗೇಟ್ ಇದೆ. 2007ರಿಂದ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾವಲಿದೆ. ಒಳಗೆ ಹೋಗುವ ಪ್ರತಿಯೊಬ್ಬನ ಮೈ ತಡವಿ, ಬ್ಯಾಗ್ ಯಂತ್ರಕ್ಕೆ ಹಾಕಿಯೇ ಬಿಡುವುದು. ಹಾಗಾಗಿ ಪೊಲೀಸರಿಗೆ ಧೈರ್ಯ. ಲೋಕಲ್ ರೈಲಿನ ಚಿಕ್ಕ ನಿಲ್ದಾಣಗಳಿಗೆ ಗೋಡೆಯೇ ಪೂರ್ತಿ ಇಲ್ಲ. ನಾಲ್ಕು ಕಡೆಯಿಂದ ಜನ ಬರುತ್ತಾರೆ, ಹಳಿ ದಾಟಿ ಪ್ಲಾಟ್‌ಫಾರ್ಮ್ ಹತ್ತುತ್ತಾರೆ. ಸ್ಕ್ಯಾನರ್ ಇಲ್ಲ, ಬಾಗಿಲು ಹಾಕದ ಬೋಗಿಗಳು. ಅಂಥ ರೈಲು ತುಂಬಿಕೊಂಡು ಪ್ರಗತಿ ಮೈದಾನದ ಪಕ್ಕ ನಿಧಾನವಾಗಿ ಹೋಗುವುದು ಭದ್ರತೆಯವರಿಗೆ ಭಯ ತರುವ ವಿಷಯ. ಆ ಭಯ ನ್ಯಾಯವಾದದ್ದೇ. ಮುಂಬೈಯಲ್ಲಿ 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದದ್ದನ್ನು ಯಾರೂ ಮರೆತಿಲ್ಲ. ಆದರೆ ನನ್ನ ತಕರಾರು ಇಷ್ಟೇ: ಈ ನಿಲ್ದಾಣಗಳಿಗೆ ವರ್ಷಗಟ್ಟಲೆ ಗೋಡೆ ಕಟ್ಟಲಿಲ್ಲ, ತಪಾಸಣೆ ಯಂತ್ರ ಕೊಡಲಿಲ್ಲ. ಕೊನೆಗೆ ತಪಾಸಣೆ ಇಲ್ಲ ಅನ್ನೋ ಕಾರಣಕ್ಕೆ ಇದೇ ರೈಲು ಮೊದಲು ನಿಲ್ಲುತ್ತದೆ. ಎರಡು ಸಲವೂ ಪೆಟ್ಟು ತಿನ್ನುವವನು ಒಬ್ಬನೇ.

ಬೇರೆ ದಾರಿ ಇರಲಿಲ್ಲವೇ? ಇತ್ತು ಅಂತ ನಂಬಿದ್ದೇನೆ. 2012ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ನೇಟೋ ಶೃಂಗಸಭೆ ನಡೆಯಿತು. ಸಭೆ ನಡೆದ ಮೆಕಾರ್ಮಿಕ್ ಪ್ಲೇಸ್ ಕಟ್ಟಡದ ಅಡಿಯಲ್ಲೇ ಅಲ್ಲಿನ ಲೋಕಲ್ ರೈಲು, ಮೆಟ್ರಾ ಎಲೆಕ್ಟ್ರಿಕ್ ಲೈನ್, ಹಾದುಹೋಗುತ್ತದೆ. ನಮ್ಮದು ಪಕ್ಕದಲ್ಲಿ, ಅವರದು ಕೆಳಗೇ. ಆದರೂ ಲೈನನ್ನು ಪೂರ್ತಿ ನಿಲ್ಲಿಸಲಿಲ್ಲ. ಹಲವು ನಿಲ್ದಾಣ ಮುಚ್ಚಿದರು. ಒಬ್ಬರಿಗೆ ಒಂದೇ ಬ್ಯಾಗ್, ಅದೂ 15 ಇಂಚು ಚೌಕ, 4 ಇಂಚು ದಪ್ಪ ಮೀರಬಾರದು ಎಂದರು. ತಿಂಡಿ, ಕಾಫಿ, ಸೈಕಲ್ ಬೇಡ ಎಂದರು. ಜನರಿಗೆ ಕಷ್ಟವೇ ಆಯಿತು. ಆದರೆ ಕೆಲಸಕ್ಕೆ ಹೋಗುವವರಿಗೆ ರೈಲು ಇತ್ತು. ಇಲ್ಲೂ ಪಲ್ವಲ್, ಬಲ್ಲಭಗಢ, ಫರೀದಾಬಾದ್ ಹೀಗೆ ನಾಲ್ಕಾರು ನಿಲ್ದಾಣಗಳಲ್ಲಿ ಮಾತ್ರ ತಪಾಸಣೆ ಮಾಡಿ ಹತ್ತಿಸಿ, ರೈಲನ್ನು ನಿಜಾಮುದ್ದೀನ್‌ವರೆಗಾದರೂ ಬಿಟ್ಟಿದ್ದರೆ ಎಷ್ಟೋ ಜನಕ್ಕೆ ಉಪಕಾರವಾಗುತ್ತಿತ್ತು. ಲೋಕಲ್ ಸೇವೆಗೆ ಐದರಲ್ಲಿ ಎರಡು ಅಂಕ. ಮಾಮೂಲಿ ದಿನಗಳಲ್ಲಿ ಇದೇ ರೈಲಿಗೆ ನಾಲ್ಕು ಕೊಡುತ್ತೇನೆ, ಅಷ್ಟು ಪ್ರೀತಿ ಇದೆ ಇದರ ಮೇಲೆ.

ಇನ್ನು ಪ್ರತಿ ವರ್ಷದ ಮಾತು. ಗಣರಾಜ್ಯೋತ್ಸವದ ಪೆರೇಡ್ ಕೆಂಪುಕೋಟೆ ಕಡೆ ಹೋಗುವಾಗ ತಿಲಕ್ ಬ್ರಿಜ್ ಕೆಳಗೇ ದಾಟುತ್ತದೆ. ಹಾಗಾಗಿ ಜನವರಿ 26ರಂದು ಮತ್ತು 23ರ ಪೂರ್ಣ ರಿಹರ್ಸಲ್ ದಿನ, ಬೆಳಗ್ಗೆ ಹತ್ತೂವರೆ ಸುಮಾರಿನಿಂದ ಮಧ್ಯಾಹ್ನದವರೆಗೆ ಆ ಸೇತುವೆಯ ಮೇಲೆ ರೈಲು ಬಿಡುವುದಿಲ್ಲ. ಇದು ನನಗೆ ಸರಿಯಾದ ಪದ್ಧತಿ ಅನ್ನಿಸುತ್ತದೆ. ಒಂದೂವರೆ ಗಂಟೆ ನಿಲ್ಲಿಸುತ್ತಾರೆ, ಆಮೇಲೆ ಬಿಡುತ್ತಾರೆ. ಹಳೇ ಪ್ರಯಾಣಿಕರು ಅದಕ್ಕೆ ಹೊಂದಿಕೊಂಡಿದ್ದಾರೆ, ಬೇಗ ಹೊರಡುತ್ತಾರೆ ಅಥವಾ ನಿಜಾಮುದ್ದೀನ್‌ನಲ್ಲೇ ಇಳಿಯುತ್ತಾರೆ. ಅಂದರೆ ಗಂಟೆಗಳ ಲೆಕ್ಕದಲ್ಲಿ ಭದ್ರತೆ ಕೊಡುವುದು ಇವರಿಗೆ ಗೊತ್ತು. ಶೃಂಗಸಭೆ ಬಂದಾಗ ಅದು ದಿನಗಳ ಲೆಕ್ಕವಾಗಿದ್ದೇ ಕಷ್ಟ.

ನನ್ನ ಬೇಡಿಕೆ ದೊಡ್ಡದೇನಲ್ಲ. ರೈಲು ರದ್ದಾದಷ್ಟು ದಿನ ಮಾಸಿಕ ಪಾಸಿನ ಅವಧಿ ತಾನಾಗಿಯೇ ಮುಂದಕ್ಕೆ ಹೋಗಬೇಕು. ಆ ದಿನಗಳಲ್ಲಿ ಪಾಸ್ ಇದ್ದವರನ್ನು, ಹೆಚ್ಚುವರಿ ನಿಲುಗಡೆ ಪಡೆದ ಎಕ್ಸ್‌ಪ್ರೆಸ್‌ಗಳ ಜನರಲ್ ಬೋಗಿಗೆ ಹತ್ತಿಸಬೇಕು. ಪಲ್ವಲ್‌ನಿಂದ ಬಲ್ಲಭಗಢದ ಮೆಟ್ರೋವರೆಗೆ ಬೆಳಗ್ಗೆ ಸಂಜೆ ಬಸ್ ಬಿಡಬೇಕು. ಇದರಲ್ಲಿ ಯಾವುದೂ ಭದ್ರತೆಗೆ ಅಡ್ಡ ಬರುವುದಿಲ್ಲ.

ದೆಹಲಿಗೆ ಹೊಸದಾಗಿ ಕೆಲಸಕ್ಕೆ ಬರುವ ನಮ್ಮವರು ಮನೆ ಹುಡುಕುವಾಗ ಬಾಡಿಗೆ ಕಡಿಮೆ ಅಂತ ಲೋಕಲ್ ಲೈನಿನ ಪಕ್ಕವೇ ನೋಡುತ್ತಾರೆ. ನೋಡಿ, ತಪ್ಪಿಲ್ಲ. ಆದರೆ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವೂ ಇರಲಿ, ಅದಕ್ಕೆ ಸಾವಿರ ರೂಪಾಯಿ ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ. ಜನವರಿ ಕೊನೆಯ ವಾರ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಿದ್ದರೆ 23 ಮತ್ತು 26 ಬಿಟ್ಟು ಬೇರೆ ದಿನ ನೋಡಿ. ಆ ದಿನವೇ ಬರಬೇಕಾದರೆ, ಸ್ಟೇಷನ್‌ಗೆ ಹೊರಡುವ ಮೊದಲು ರೈಲು ಎಲ್ಲಿದೆ ಅಂತ ಒಮ್ಮೆ ನೋಡಿಕೊಂಡು ಹೊರಡಿ.