ಕಲಬುರಗಿ ಬಿಸಿಲು, ಕೋಟೆಯ ಕತ್ತಲು: ಫಿಲಂ ತರಬೇಕೋ, ಡಿಜಿಟಲ್ ತರಬೇಕೋ?

ಮೇ ತಿಂಗಳ ನಡುಮಧ್ಯಾಹ್ನ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ ಪ್ರೊ, ಸೋನಿ ಎಫ್‌ಎಕ್ಸ್3 ಎರಡೂ ಡಿಜಿಟಲ್ ಕ್ಯಾಮೆರಾಗಳಿಗೆ ಕಂಪನಿಯವರು ಬರೆದಿರುವ ಮಿತಿ 40 ಡಿಗ್ರಿ. ಆರಿ ಅಲೆಕ್ಸಾ ಮಿನಿಗೆ 45. ಕೊಡ್ಯಾಕ್ ನೆಗೆಟಿವ್ ಫಿಲಂ ಡಬ್ಬಿಯನ್ನಂತೂ 13 ಡಿಗ್ರಿಗಿಂತ ತಂಪಿನಲ್ಲಿ ಇಡಬೇಕು. ಕ್ಯಾಮೆರಾ ವಿಮರ್ಶೆಗಳಲ್ಲಿ ಈ ಅಂಕಿಗಳು ಕೊನೆಯ ಸಾಲಿನಲ್ಲಿ ಬರುತ್ತವೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಶೂಟಿಂಗ್ ಮಾಡುವವರು ಇಲ್ಲಿಂದಲೇ ಶುರು ಮಾಡಬೇಕು. ಹಾಗಾಗಿ ಈ ಮೂರು ಡಿಜಿಟಲ್ ಕ್ಯಾಮೆರಾ ಮತ್ತು ಕೊಡ್ಯಾಕ್ ವಿಷನ್3 ಫಿಲಂ, ಇವನ್ನು ನಮ್ಮ ಬಿಸಿಲಿನಲ್ಲಿ, ನಮ್ಮ ಕತ್ತಲಲ್ಲಿ ನಿಲ್ಲಿಸಿ ನೋಡೋಣ.

ಮೊದಲು ಬಿಸಿಲು. ಬಿಳಿ ರುಮಾಲು ಸುತ್ತಿದ ರೈತ ತೊಗರಿ ಹೊಲದಲ್ಲಿ ನಿಂತಿದ್ದಾನೆ, ಸೂರ್ಯ ನೆತ್ತಿಯ ಮೇಲಿದ್ದಾನೆ ಎಂದಿಟ್ಟುಕೊಳ್ಳಿ. ರುಮಾಲಿನ ಮೇಲೆ ನೇರ ಬಿಸಿಲು, ಕಣ್ಣಿನ ಕುಳಿಯಲ್ಲಿ ಕಪ್ಪು ನೆರಳು. ಸ್ಪಾಟ್ ಮೀಟರ್ ಹಿಡಿದರೆ ಎರಡರ ನಡುವೆ ಐದಾರು ಸ್ಟಾಪ್ ಅಂತರ ಸಿಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಕಲರ್ ನೆಗೆಟಿವ್‌ನ ಹೆಚ್ಚುಗಾರಿಕೆ ಕಾಣುವುದು ಇಲ್ಲೇ. ಬೆಳಕು ಜಾಸ್ತಿಯಾದಂತೆ ಅದು ಸ್ವಲ್ಪ ಸ್ವಲ್ಪವಾಗಿ ಬಾಗುತ್ತದೆ, ಒಮ್ಮೆಲೇ ಮುರಿಯುವುದಿಲ್ಲ. ಹಾಗಾಗಿ ರುಮಾಲಿನ ಮಡಿಕೆಗಳು ಉಳಿಯುತ್ತವೆ, ಆಕಾಶದ ಬಿಳುಪಿನಲ್ಲೂ ಒಂದಿಷ್ಟು ಬಣ್ಣ ಇರುತ್ತದೆ. ಡಿಜಿಟಲ್ ಸೆನ್ಸರ್ ತುಂಬಿದ ಕೊಡದ ಹಾಗೆ. ತುಂಬಿದ ಮೇಲೆ ಬಿದ್ದದ್ದೆಲ್ಲ ಹೊರಗೆ. ಅಲ್ಲಿ ಕಳೆದುಹೋದ ಮಡಿಕೆಯನ್ನು ಗ್ರೇಡಿಂಗ್‌ನಲ್ಲಿ (ಶೂಟಿಂಗ್ ನಂತರ ಬಣ್ಣ ತಿದ್ದುವ ಕೆಲಸ) ಯಾರೂ ವಾಪಸ್ ತರಲಾರರು.

ಆದ್ದರಿಂದ ಎರಡಕ್ಕೂ ಎಕ್ಸ್‌ಪೋಶರ್ ಲೆಕ್ಕ ಉಲ್ಟಾ. ಫಿಲಂನಲ್ಲಿ ಮೀಟರ್ ಹಿಡಿಯಬೇಕಾದ್ದು ನೆರಳಿಗೆ. ಬೇಕಾದರೆ ಒಂದು ಸ್ಟಾಪ್ ಹೆಚ್ಚೇ ಕೊಡಿ. ಕಡಿಮೆ ಕೊಟ್ಟರೆ ನೆರಳಿನಲ್ಲಿ ಒರಟು ಗ್ರೇನ್ (ಫಿಲಂನ ಕಣ) ಎದ್ದು ಕಪ್ಪು ಮಸುಕಾಗುತ್ತದೆ. ಡಿಜಿಟಲ್‌ನಲ್ಲಿ ಕಾಯಬೇಕಾದ್ದು ರುಮಾಲನ್ನು. ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವ ಫಾಲ್ಸ್ ಕಲರ್ ಹಾಕಿ, ಬಟ್ಟೆಯ ಮೇಲೆ ಕೆಂಪು ಬಂದರೆ ಅಲ್ಲಿ ಚಿತ್ರ ಸತ್ತಿದೆ ಎಂದೇ ತಿಳಿದು ಐರಿಸ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ಸ್ವಲ್ಪ ಮುಚ್ಚಿ. ಮುಖಕ್ಕೆ ಥರ್ಮಕೋಲ್ ಹಿಡಿದು ಬೆಳಕು ಎತ್ತಿ, ಇಲ್ಲವೇ ತಲೆಯ ಮೇಲೆ ಬೆಳಕನ್ನು ಮೆತ್ತಗೆ ಮಾಡುವ ಸ್ಕಿಮ್ಮರ್ ಬಟ್ಟೆ ಕಟ್ಟಿ. ಡಿಜಿಟಲ್ ಬಂದ ಮೇಲೆ ಲೈಟಿಂಗ್ ಕೆಲಸ ಕಡಿಮೆಯಾಯಿತು ಎಂಬ ಮಾತು ಬಯಲುಸೀಮೆಯ ಮಧ್ಯಾಹ್ನಕ್ಕೆ ಒಪ್ಪುವುದೇ ಇಲ್ಲ.

ಪಾಕೆಟ್ 6ಕೆ ಪ್ರೊ ಬಳಸುವವರು ಮಾಡುವ ಒಂದು ತಪ್ಪನ್ನು ಬಿಡಿಸಿ ಹೇಳಲೇಬೇಕು. ಬಿಸಿಲು ಜಾಸ್ತಿ ಇದೆ ಎಂದು ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಂಕಿ) 100ಕ್ಕೆ ಇಳಿಸುತ್ತಾರೆ. ಇದರ ಮೂಲ ಐಎಸ್‌ಒ 400 ಮತ್ತು 3200. 100ರಿಂದ 1000ದವರೆಗೆ ಎಲ್ಲವೂ ಆ ಮೊದಲ 400ರ ಗುಂಪಿನವೇ, ಸೆನ್ಸರ್‌ನ ಮೂಲ ಸೂಕ್ಷ್ಮತೆ ಬದಲಾಗುವುದಿಲ್ಲ. 100ಕ್ಕೆ ಇಳಿಸಿ ಅದಕ್ಕೆ ತಕ್ಕಂತೆ ಐರಿಸ್ ತೆರೆದರೆ ಸೆನ್ಸರ್ ಮೇಲೆ ಬೀಳುವ ಬೆಳಕು ಹೆಚ್ಚುತ್ತದೆ, ನಡುಮಟ್ಟದ ಬೂದು ಬಣ್ಣಕ್ಕಿಂತ ಮೇಲಿನ ಬೆಳಕಿಗೆ ಇರುವ ಜಾಗ ಕುಗ್ಗುತ್ತದೆ, ಹೈಲೈಟ್ (ಚಿತ್ರದ ಅತಿ ಬೆಳಕಿನ ಭಾಗ) ಮೊದಲೇ ಒಡೆಯುತ್ತದೆ. ಬಯಲಿನಲ್ಲಿ ಮಾಡಬೇಕಾದ್ದು ಇದರ ಉಲ್ಟಾ: ಐಎಸ್‌ಒ 800ರಲ್ಲಿಟ್ಟು ಎನ್‌ಡಿ (ಬೆಳಕು ತಗ್ಗಿಸುವ ಬೂದು ಫಿಲ್ಟರ್) ಹೆಚ್ಚಿಸುವುದು. ಲೆಕ್ಕ ಹೀಗೆ: ಶಟರ್ 1/50, ಐಎಸ್‌ಒ 800, ನೇರ ಬಿಸಿಲು ಎಂದರೆ ಬೇಕಾಗುವ ಐರಿಸ್ ಎಫ್64 (ಎಫ್ ಅಂಕಿ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು). ಅದನ್ನು 5.6ಕ್ಕೆ ತರಲು 7 ಸ್ಟಾಪ್ ಎನ್‌ಡಿ ಬೇಕು. ಪಾಕೆಟ್ ಪ್ರೊ ಒಳಗೆ ಇರುವುದು 2, 4, 6 ಸ್ಟಾಪ್, ಅಂದರೆ ಎಫ್8ಕ್ಕೆ ನಿಲ್ಲುತ್ತೀರಿ. ಅಲೆಕ್ಸಾ ಮಿನಿಯ ಒಳಗಿನ ಮೂರನೇ ಎನ್‌ಡಿ 2.1, ಸರಿಯಾಗಿ 7 ಸ್ಟಾಪ್. ಇದರ ಮೂಲ ಸೂಕ್ಷ್ಮತೆಯೂ 800. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿದೆ. ಫಿಲಂನವರಿಗೆ ಈ ಗೋಳು ಕಡಿಮೆ. 50ಡಿ (ಐಎಸ್‌ಒ 50ರ, ಹಗಲು ಬೆಳಕಿನ ಫಿಲಂ) ಹಾಕಿದರೆ ಅದೇ ಬಿಸಿಲಿಗೆ 5.6ರಲ್ಲಿ 3 ಸ್ಟಾಪ್ ಎನ್‌ಡಿ ಸಾಕು.

ಎಫ್‌ಎಕ್ಸ್3 ಒಳಗೆ ಎನ್‌ಡಿಯೇ ಇಲ್ಲ. ಲೆನ್ಸ್ ಮುಂದೆ ತಿರುಗಿಸುವ ವೇರಿಯಬಲ್ ಎನ್‌ಡಿ ಹಾಕುತ್ತಾರೆ. ಅದು ಎರಡು ಪೋಲರೈಸರ್ ಸೇರಿದ ವಸ್ತು. ವೈಡ್ ಲೆನ್ಸ್‌ನಲ್ಲಿ ಪೂರ್ತಿ ತಿರುಗಿಸಿದರೆ ಆಕಾಶದಲ್ಲಿ ಕಪ್ಪು ಕತ್ತರಿ ಗುರುತು ಬರುತ್ತದೆ. ಕ್ಯಾಮೆರಾ ಪ್ಯಾನ್ ಆದಂತೆ ಆಕಾಶದ ನೀಲಿ ಬದಲಾಗುತ್ತದೆ. ಇನ್ನೊಂದು ತೊಂದರೆ ಬಣ್ಣದ್ದು. ಸಾದಾ ಎನ್‌ಡಿ ಕಾಣುವ ಬೆಳಕನ್ನು ತಡೆಯುತ್ತದೆಯೇ ಹೊರತು ಇನ್‌ಫ್ರಾರೆಡ್ ತಡೆಯುವುದಿಲ್ಲ. ಎನ್‌ಡಿ ದಪ್ಪವಾದಷ್ಟೂ ಸೆನ್ಸರ್‌ಗೆ ಇನ್‌ಫ್ರಾರೆಡ್‌ನ ಪಾಲು ಹೆಚ್ಚು. ಬಂದೇನವಾಜ್ ದರ್ಗಾದ ಬೀದಿಯಲ್ಲಿ ಪಾಲಿಯೆಸ್ಟರ್‌ನ ಕಪ್ಪು ಬುರ್ಖಾ ಪರದೆಯ ಮೇಲೆ ಕಾಫಿ ಕಂದು ಅಥವಾ ಮರೂನ್ ಆಗಿ ಕಾಣುವುದು ಇದೇ ಕಾರಣಕ್ಕೆ. ಗ್ರೇಡಿಂಗ್‌ನಲ್ಲಿ ಅದನ್ನು ಕಪ್ಪು ಮಾಡಲು ಹೋದರೆ ಪಕ್ಕದಲ್ಲಿರುವ ಮುಖವೂ ಹಸಿರಾಗುತ್ತದೆ. ಬಾಡಿಗೆಗೆ ತರುವಾಗ ಐಆರ್ ತಡೆಯುವ ಎನ್‌ಡಿಯನ್ನೇ ಕೇಳಿ ತನ್ನಿ. ಸಾದಾ ಕಲರ್ ನೆಗೆಟಿವ್‌ಗೆ ಇನ್‌ಫ್ರಾರೆಡ್ ಕಾಣಿಸುವುದೇ ಇಲ್ಲ, ಅಲ್ಲಿ ಕಪ್ಪು ಕಪ್ಪೇ.

ಈಗ ಒಳಗೆ ಬನ್ನಿ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು. ಬೇರೆ ಮಸೀದಿಗಳಿಗಿರುವ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಮುಚ್ಚಿದ ಕಟ್ಟಡ. ಬದಿಯ ಕಮಾನುಗಳಿಂದ ನುಗ್ಗುವ ಬೆಳಕು ಒಳಗೆ ಹೋದಂತೆ ಸೋರಿ ಹೋಗುತ್ತದೆ. ಇಲ್ಲಿ ಫಿಲಂ ಹಿಂದೆ ಬೀಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ವಿಷನ್3 500ಟಿ (ಐಎಸ್‌ಒ 500ರ, ಟಂಗ್‌ಸ್ಟನ್ ಬಲ್ಬಿನ ಹಳದಿ ಬೆಳಕಿಗೆ ಮಾಡಿದ ಫಿಲಂ) ಎಫ್2.8ರಲ್ಲಿ ಸರಿಯಾಗಿ ಎಕ್ಸ್‌ಪೋಸ್ ಆಗಲು ಮುಖದ ಮೇಲೆ ಸುಮಾರು 215 ಲಕ್ಸ್ (ಬೆಳಕಿನ ಅಳತೆ) ಬೇಕು. ಪಾಕೆಟ್ 3200ರಲ್ಲಿ ಅದೇ ಎಫ್2.8ಕ್ಕೆ ಸುಮಾರು 34 ಲಕ್ಸ್ ಸಾಕು. ಎಫ್‌ಎಕ್ಸ್3ರ ಎರಡನೇ ಮೂಲ ಐಎಸ್‌ಒ 12800, ಅದಕ್ಕೆ 10 ಲಕ್ಸ್ ಕೂಡ ಬೇಡ. ಟಂಗ್‌ಸ್ಟನ್ ಫಿಲಂ ಅನ್ನು ಹಗಲು ಬೆಳಕಿನಲ್ಲಿ ಕಿತ್ತಳೆ ಬಣ್ಣದ 85 ಫಿಲ್ಟರ್ ಹಾಕಿ ತೆಗೆದರೆ 500 ಇಳಿದು 320 ಆಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ದೊಡ್ಡ ಲೈಟು, ಜನರೇಟರ್ ಕೇಬಲ್ ಎಳೆಯಲು ಅನುಮತಿ ಸುಲಭವಲ್ಲ. ಹಾಗಾಗಿ ಇಲ್ಲಿ ಎಫ್‌ಎಕ್ಸ್3 ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಬೀದರ್‌ನ ಬಿದರಿ ಕೆಲಸ ಚಿತ್ರಿಸುವವರು ಹೊಳಪು, ಕತ್ತಲು ಎರಡನ್ನೂ ಒಂದೇ ಫ್ರೇಮಿನಲ್ಲಿ ಎದುರಿಸಬೇಕು. ಸತು, ತಾಮ್ರದ ಎರಕ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹೊರಳಿಸಿದಾಗ ಲೋಹ ಗಾಢ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ತಂತಿ ಹಾಗೇ ಹೊಳೆಯುತ್ತದೆ. ಕುಶಲಕರ್ಮಿ ಹೂಜಿಯನ್ನು ಬಟ್ಟೆಯಿಂದ ಒರೆಸಿ ತಿರುಗಿಸುವ ಆ ಒಂದು ಕ್ಷಣ ಬೆಳ್ಳಿಯ ಎಳೆ ಕಿಟಕಿಯ ಬೆಳಕನ್ನು ನೇರ ಲೆನ್ಸಿಗೆ ಎಸೆಯುತ್ತದೆ. ಫಿಲಂನಲ್ಲಿ ಆ ಹೊಳಪಿನ ಸುತ್ತ ಸಣ್ಣ ಕೆಂಪು ಮಬ್ಬು ಹಬ್ಬಿ ಎಳೆ ಮೆತ್ತಗಾಗುತ್ತದೆ, ಕಣ್ಣಿಗೆ ಹಿತ. ಪಾಕೆಟ್‌ನಲ್ಲಿ ಬೆಳ್ಳಿ ಬರೀ ಬಿಳಿ ಗೀರಾಗುತ್ತದೆ. ಪರಿಹಾರ ಸುಲಭ: ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಬೆಳಕಿನ ಮೂಲವನ್ನು ದೊಡ್ಡದು, ಮಂದ ಮಾಡಿ. ಆಗ ಬೆಳ್ಳಿ ಆ ಬಟ್ಟೆಯನ್ನೇ ಪ್ರತಿಫಲಿಸುತ್ತದೆ, ವಿನ್ಯಾಸ ಪೂರ್ತಿ ಓದಲು ಸಿಗುತ್ತದೆ. ಕಪ್ಪು ಲೋಹದ ಮೇಲಿನ ಉಳಿ ಗುರುತುಗಳನ್ನು ಹಿಡಿಯುವುದರಲ್ಲಿ ಮಾತ್ರ ಡಿಜಿಟಲ್ ಮುಂದು.

ಪಾಕೆಟ್‌ಗೆ ಅತಿ ಸಣ್ಣ ವಿವರವನ್ನು ಮೆತ್ತಗೆ ಮಾಡುವ ಆಪ್ಟಿಕಲ್ ಲೋ ಪಾಸ್ ಫಿಲ್ಟರ್ ಇಲ್ಲ. ಜಾಲಿ ಕಿಂಡಿ, ಇಳಕಲ್ ಸೀರೆಯ ಸಣ್ಣ ಚೌಕಳಿ, ಇಂಥವುಗಳ ಮೇಲೆ ಕಾಮನಬಿಲ್ಲಿನಂಥ ಅಲೆ ಓಡುತ್ತದೆ. ಎರಡು ಹೆಜ್ಜೆ ಮುಂದೆ ಅಥವಾ ಹಿಂದೆ ಸರಿದರೆ ಹೋಗುತ್ತದೆ, ಆದರೆ ಸಣ್ಣ ಮಾನಿಟರ್‌ನಲ್ಲಿ ಅದು ಕಾಣುವುದಿಲ್ಲ. ಜೂಮ್ ಮಾಡಿ ನೋಡಿ. ಫಿಲಂ ಗ್ರೇನ್‌ಗೆ ಸಾಲು ಸಾಲಿನ ಜೋಡಣೆ ಇಲ್ಲವಾದ್ದರಿಂದ ಈ ಕಾಟವಿಲ್ಲ.

ಇನ್ನು ಸಾಗಾಟ. ಫಿಲಂ ಪರವಾಗಿ ಇಷ್ಟು ಹೇಳಿದ ಮೇಲೂ ನಮ್ಮ ಭಾಗದಲ್ಲಿ ಅದು ಸೋಲುವುದು ಇಲ್ಲೇ. 20 ನಿಮಿಷದ ಕಿರುಚಿತ್ರ, ಬಳಸುವ ಒಂದು ನಿಮಿಷಕ್ಕೆ ಹತ್ತು ನಿಮಿಷ ಶೂಟ್ ಮಾಡುವ ಲೆಕ್ಕ ಎಂದರೆ 200 ನಿಮಿಷ. 35 ಎಂಎಂ ನಾಲ್ಕು ಪರ್ಫ್‌ನಲ್ಲಿ (ಒಂದು ಫ್ರೇಮಿಗೆ ಅಂಚಿನ ನಾಲ್ಕು ತೂತು) ನಿಮಿಷಕ್ಕೆ 90 ಅಡಿ ಓಡುತ್ತದೆ. 18,000 ಅಡಿ, ಅಂದರೆ 400 ಅಡಿಯ 45 ಡಬ್ಬಿ. ಒಂದು ಡಬ್ಬಿ ನಾಲ್ಕೂವರೆ ನಿಮಿಷವೂ ಬರುವುದಿಲ್ಲ. 16 ಎಂಎಂನಲ್ಲಿ ನಿಮಿಷಕ್ಕೆ 36 ಅಡಿ, 7,200 ಅಡಿ, 18 ಡಬ್ಬಿ. ಒಂದೊಂದು ಡಬ್ಬಿಗೆ 11 ನಿಮಿಷ ಸಿಗುತ್ತದೆ. ಫ್ರಿಜ್‌ನಿಂದ ತೆಗೆದ 35 ಎಂಎಂ ಡಬ್ಬಿಯ ಟೇಪನ್ನು ಕೂಡಲೇ ಕೀಳಬೇಡಿ, ಮೂರರಿಂದ ಐದು ಗಂಟೆ ಹಾಗೇ ಬಿಡಿ. ಇಲ್ಲದಿದ್ದರೆ ಒಳಗೆ ಬೆವರಿ ನೀರಿನ ಕಲೆ ಬೀಳುತ್ತದೆ. ಚೇಂಜಿಂಗ್ ಬ್ಯಾಗ್‌ನಲ್ಲಿ (ಬೆಳಕು ಬಾರದ ಕಪ್ಪು ಚೀಲ) ಲೋಡ್ ಮಾಡುವವರ ಕೈ ಬಿಸಿಲಿಗೆ ಬೆವರಿ ಫಿಲಂ ಮೇಲಿನ ಎಮಲ್ಶನ್ ಲೇಪಕ್ಕೆ ಅಂಟುತ್ತದೆ. ಕೈ ಒರೆಸಿಕೊಂಡು ರೀಲಿನ ಅಂಚನ್ನು ಮಾತ್ರ ಹಿಡಿಯಬೇಕು, ಅದೂ ನೆರಳಿನಲ್ಲಿ, ಬ್ಯಾಗನ್ನು ಒಳಗೂ ಹೊರಗೂ ಕೊಡವಿದ ಮೇಲೆ. ಶಹಾಬಾದ್ ಕಡೆಯ ಕಲ್ಲಿನ ಧೂಳು ಗೇಟಿನಲ್ಲಿ (ಫಿಲಂ ಬೆಳಕಿಗೆ ಒಡ್ಡಿಕೊಳ್ಳುವ ಕಿಂಡಿ) ಕೂತರೆ ಇಡೀ ರೀಲಿನುದ್ದಕ್ಕೂ ಗೀರು. ಪ್ರತಿ ಶಾಟ್ ಓಕೆ ಆದ ಮೇಲೆ ಗೇಟ್ ಚೆಕ್ ಮಾಡದೆ ಕ್ಯಾಮೆರಾ ಸರಿಸಬೇಡಿ.

ತೆಗೆದ ನೆಗೆಟಿವ್ ತೊಳೆಯುವ ಲ್ಯಾಬ್ ಈ ಮೂರು ಜಿಲ್ಲೆಗಳಲ್ಲಿ ಇಲ್ಲ. ಸಿನಿಮಾ ನೆಗೆಟಿವ್ ತೊಳೆಯುವ ಇಸಿಎನ್-2 ಪ್ರೋಸೆಸ್‌ನಲ್ಲಿ ಡೆವಲಪರ್ 41.1 ಡಿಗ್ರಿಯಲ್ಲಿ 3 ನಿಮಿಷ ನಿಖರವಾಗಿ ನಿಲ್ಲಬೇಕು, ಊರಿನ ಸ್ಟಿಲ್ ಸ್ಟುಡಿಯೋದಲ್ಲಿ ಆಗುವ ಕೆಲಸವಲ್ಲ. ಮುಂಬೈಗೆ ಕಳಿಸುವುದಾದರೆ ಕಲಬುರಗಿಯಿಂದ ಸೊಲ್ಲಾಪುರ ಮಾರ್ಗದ ರೈಲಿದೆ, ಒಬ್ಬರು ಥರ್ಮಲ್ ಪೆಟ್ಟಿಗೆ ಹಿಡಿದು ಕೂತೇ ಹೋಗುವುದು ಲೇಸು. ವಿಮಾನವಾದರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಲೇಬೇಡಿ, ಅಲ್ಲಿನ ಎಕ್ಸ್‌ರೇಗೆ ನೆಗೆಟಿವ್ ಮಂಜಾಗುತ್ತದೆ. ಡಬ್ಬಿಯ ಮೇಲೆ ತೊಳೆಯದ ಫಿಲಂ ಎಂದು ಬರೆದು ಕೈಯಿಂದ ಪರೀಕ್ಷಿಸಲು ಮೊದಲೇ ಕೇಳಿಕೊಳ್ಳಿ. ಬಾಗಿಲು ಮುಚ್ಚಿದ ಕಾರಿನಲ್ಲಿ ಡಬ್ಬಿ ಒಂದು ಮಧ್ಯಾಹ್ನ ಕೂತರೆ ಬಣ್ಣದ ಪದರಗಳು ಬೇರೆ ಬೇರೆ ಪ್ರಮಾಣದಲ್ಲಿ ಹಾಳಾಗುತ್ತವೆ, ಆ ರೀಲು ಪಕ್ಕದ ರೀಲಿಗೆ ಹೊಂದುವುದಿಲ್ಲ. ಕೊನೆಗೆ ಥಿಯೇಟರ್‌ಗೆ ಹೋಗುವುದು ಡಿಸಿಪಿ ಎಂಬ ಡಿಜಿಟಲ್ ಪ್ರತಿಯೇ. ಫಿಲಂ ಆದರೂ ಸ್ಕ್ಯಾನ್ ಆಗಿ ಡಿಜಿಟಲ್ ಆಗಲೇಬೇಕು.

ಡಿಜಿಟಲ್‌ಗೆ ಬೇರೆ ಥರದ ಎಚ್ಚರ ಬೇಕು. ಪಾಕೆಟ್ 6ಕೆಯಲ್ಲಿ ಬಿ-ರಾ (ಬ್ಲ್ಯಾಕ್‌ಮ್ಯಾಜಿಕ್ ರಾ ಎಂಬ ಕಡತ ರೂಪ) 8:1 ಸಂಕೋಚನ, 24 ಫ್ರೇಮ್ ಎಂದರೆ ಗಂಟೆಗೆ ಸುಮಾರು 350 ಜಿಬಿ. ಆ 200 ನಿಮಿಷಕ್ಕೆ 1.2 ಟಿಬಿ, ಮೂರು ಪ್ರತಿ ಎಂದರೆ ಮೂರೂವರೆ ಟಿಬಿ. ಯುಎಸ್‌ಬಿ-ಸಿ ಎಸ್‌ಎಸ್‌ಡಿಯ ಕೇಬಲ್ ಒಂದು ಸಲ ಅಲುಗಿದರೆ ರೆಕಾರ್ಡಿಂಗ್ ನಿಂತೇಹೋಗುತ್ತದೆ, ಕ್ಯಾಮೆರಾ ಸುತ್ತಲಿನ ಲೋಹದ ಕೇಜ್‌ಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಕಾಪಿ ಮಾಡುವಾಗ ಪ್ರತಿ ಮೂಲದಂತೆಯೇ ಇದೆಯೇ ಎಂದು ಚೆಕ್‌ಸಮ್ ನೋಡುವ ಸಾಫ್ಟ್‌ವೇರ್ ಬಳಸಿ, ಬರೀ ಎಳೆದು ಬಿಡುವುದು ಸಾಲದು. ಕ್ಯಾಮೆರಾ ಮೇಲೆ ಸದಾ ಬಿಳಿ ಛತ್ರಿ ಇರಲಿ. ಫ್ಯಾನಿನ ಕಿಂಡಿಗೆ ಧೂಳು ಬರುತ್ತದೆಂದು ಬಟ್ಟೆ ಕಟ್ಟುವವರಿದ್ದಾರೆ, ಅದೇ ಕ್ಯಾಮೆರಾವನ್ನು ಬೇಯಿಸುತ್ತದೆ. ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬ್ ಇರುವ ಮನೆಯಲ್ಲಿ 24 ಫ್ರೇಮ್‌ಗೆ ಶಟರ್ 172.8 ಡಿಗ್ರಿ ಇಡಿ. 1/50 ಆಗಿ ನಮ್ಮ 50 ಹರ್ಟ್ಸ್ ಕರೆಂಟಿಗೆ ಹೊಂದುತ್ತದೆ, ಪಟಪಟ ಮಿನುಗುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಬಂದರೆ ಮತ್ತೆ ಪರೀಕ್ಷಿಸಿ, ಅದರ ಹರ್ಟ್ಸ್ ಏರಿಳಿಯುತ್ತದೆ.

ನನ್ನ ತೀರ್ಮಾನ ಇಷ್ಟು. ಇಡೀ ಚಿತ್ರಕ್ಕೆ ಒಂದೇ ಕ್ಯಾಮೆರಾ ಎಂದರೆ ಅಲೆಕ್ಸಾ ಮಿನಿ ಬಾಡಿಗೆಗೆ ತನ್ನಿ, ದಿನಗಳನ್ನು ಕಡಿಮೆ ಮಾಡಿಕೊಂಡಾದರೂ ಸರಿ. ಹೈಲೈಟ್ ಇಳಿಯುವ ರೀತಿ ನೆಗೆಟಿವ್‌ಗೆ ಹತ್ತಿರ ಇರುವುದು ಅದರದ್ದೇ, ಮತ್ತು 45 ಡಿಗ್ರಿವರೆಗೆ ತಡೆಯುತ್ತದೆ. ಸ್ವಂತಕ್ಕೆ ಕೊಳ್ಳುವವರಿಗೆ ಪಾಕೆಟ್ ಪ್ರೊ ಒಳ್ಳೆಯದು, ಎನ್‌ಡಿ ಒಳಗೇ ಇದೆ ಎಂಬ ಒಂದೇ ಕಾರಣಕ್ಕೆ. ಮಸೀದಿ, ಗುಮ್ಮಟ, ರಾತ್ರಿ ಬೀದಿ ಹೆಚ್ಚಿದ್ದರೆ ಎಫ್‌ಎಕ್ಸ್3. ಫಿಲಂ ಆಸೆ ಇರುವವರು 35 ಬಿಟ್ಟು 16 ಎಂಎಂನದೇ ಅಗಲ ಫ್ರೇಮಿನ ಸೂಪರ್ 16ರಲ್ಲಿ 250ಡಿ ನಾಲ್ಕು ಡಬ್ಬಿ ತನ್ನಿ. ಡಿಸೆಂಬರ್, ಜನವರಿಯಲ್ಲಿ, ಬೆಳಗ್ಗೆ, ಹೊಲದ ದೃಶ್ಯಗಳಿಗೆ ಮಾತ್ರ ಬಳಸಿ. ಯಾವುದನ್ನು ತಂದರೂ ಹೈದರಾಬಾದಿನ ಬಾಡಿಗೆ ಅಂಗಡಿಯಿಂದ ಹೊರಡುವ ಮೊದಲು ಲೆನ್ಸ್ ಹಾಕಿ ಇನ್ಫಿನಿಟಿ ಫೋಕಸ್ (ಅತಿ ದೂರದ ವಸ್ತು ಸ್ಪಷ್ಟವಾಗಿ ಕಾಣುತ್ತದೆಯೇ ಎಂದು) ನೋಡಿ, ಡಿಜಿಟಲ್ ಆದರೆ ಅರ್ಧ ಗಂಟೆ ಬಿಸಿಲಲ್ಲಿ ಬಿಡದೆ ರೆಕಾರ್ಡ್ ಮಾಡಿ, ಫಿಲಂ ಆದರೆ ಹಾಳು ಫಿಲಂ 50 ಅಡಿ ಓಡಿಸಿ ಗೀರು ಬಿದ್ದಿದೆಯಾ ನೋಡಿ. ಬೀದರ್‌ನಿಂದ ಅಲ್ಲಿಗೆ ವಾಪಸ್ ಹೋಗುವುದೆಂದರೆ 140 ಕಿಲೋಮೀಟರ್, ಒಂದು ದಿನದ ಶೂಟಿಂಗ್ ಕೈಬಿಟ್ಟಂತೆ.