ನಮ್ಮ ಮೇಜರ್ ಜೀಪಿಗೆ ಫೋರ್ ಬೈ ಫೋರ್: ಸಕಲೇಶಪುರದ ಕಡೆಯ ಒಂದು ಗ್ಯಾರೇಜಿನ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೆಸರು, ಫೋನ್ ನಂಬರ್ ಹಾಕುತ್ತಿಲ್ಲ, ಮೇಸ್ತ್ರಿಯೇ ಬೇಡ ಅಂದಿದ್ದಾರೆ. ಇರುವುದು ಅವರು, ಜೊತೆಗೆ ಇಬ್ಬರು ಹುಡುಗರು. ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲ ಅವರಿಗೆ. ಸಕಲೇಶಪುರದ ಸುತ್ತ ಹಳೇ ಜೀಪ್ ಇಟ್ಟುಕೊಂಡವರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ನನ್ನದು 2003ರ ಮಹೀಂದ್ರ ಮೇಜರ್. ಡಿಐ ಎಂಜಿನ್, ಹಿಂದಿನ ಚಕ್ರ ಮಾತ್ರ ಎಳೆಯುವ ಗಾಡಿ. ಅಪ್ಪ ತಂದದ್ದು, ಮಾರುವ ಮನಸ್ಸಿಲ್ಲ. ತೋಟ ಹಾನುಬಾಳಿನ ಕಡೆ. ಮನೆಯಿಂದ ಕೆಳಗಿನ ತೋಟಕ್ಕೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಪೂರ್ತಿ ನಮ್ಮ ಜಾಗದ ಒಳಗೇ. ಮಧ್ಯೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಜೇಡಿಮಣ್ಣಿನ ಏರು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಜೂನ್ ಬಂತು ಅಂದರೆ ಹಿಂದಿನ ಚಕ್ರಕ್ಕೆ ಚೈನ್ ಕಟ್ಟಬೇಕು, ಕಟ್ಟಿದರೂ ನಾಲ್ಕು ಮೂಟೆ ಗೊಬ್ಬರ ಹಾಕಿಕೊಂಡು ಹೊರಟರೆ ಏರಿನ ಅರ್ಧದಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ, ಕೆಳಗೆ ಹಳ್ಳ, ಜೊತೆಗೆ ಹಿಂದೆ ಕೆಲಸದವರು ಕೂತಿರುತ್ತಾರೆ. ಒಂದು ಸಲ ಹಾಗೆ ಜಾರಿ ಸಿಲ್ವರ್ ಮರಕ್ಕೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವತ್ತು ಸಂಜೆಯೇ ನಾಲ್ಕೂ ಚಕ್ರ ಎಳೆಯುವ ಹಾಗೆ ಫೋರ್ ವೀಲ್ ಹಾಕಿಸಲೇಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಹೋಗಿದ್ದು ಈ ಗ್ಯಾರೇಜಿಗೆ ಅಲ್ಲ. ಬೇರೆ ಊರಿನ ಒಂದು ವರ್ಕ್‌ಶಾಪ್‌ಗೆ ಕೊಟ್ಟಿದ್ದೆ. ಒಂದು ಲಕ್ಷದ ಹತ್ತು ಸಾವಿರ ತೆಗೆದುಕೊಂಡರು, ಮೂರು ವಾರ ಅಂದವರು ಎರಡೂವರೆ ತಿಂಗಳು ಮಾಡಿದರು. ಗಾಡಿ ಬಂದಾಗ ಮುಂದಿನ ಆಕ್ಸಲ್ ಇದೆ, ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ, ಗೇರ್ ಲಿವರ್ ಪಕ್ಕದಲ್ಲಿ ಇನ್ನೆರಡು ಪುಟ್ಟ ಲಿವರ್ ಇದೆ, ನೋಡಲು ಚೆನ್ನಾಗಿಯೇ ಇತ್ತು. ಕೆಸರಿನಲ್ಲಿ ಏರಿತು ಕೂಡ. ಆದರೆ ನೆಲ ಸ್ವಲ್ಪ ಗಟ್ಟಿ ಸಿಕ್ಕಿತು ಅಂದರೆ ಕೆಳಗಿನಿಂದ ಟಕ್ ಟಕ್ ಅಂತ ಸದ್ದು. ಸ್ಟಿಯರಿಂಗ್ ಕೈಯಲ್ಲಿ ಬಿಗಿಯುತ್ತಿತ್ತು. ಫೋರ್ ವೀಲ್ ಲಿವರ್ ಎಷ್ಟು ಎಳೆದರೂ ಹೊರಗೆ ಬರುತ್ತಿರಲಿಲ್ಲ. ಕೇಳಿದರೆ "ಹೊಸದಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅಂದರು. ಎರಡನೇ ತಿಂಗಳಿಗೆ ಮುಂದಿನ ಆಕ್ಸಲಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟಿನ ತುದಿಯ ಕೀಲು) ತುಂಡಾಯಿತು. ಹೊಸದು ಹಾಕಿಸಿದೆ. ಅದೂ ತುಂಡಾಯಿತು.

ಆಮೇಲೆ ಪಕ್ಕದ ತೋಟದವರು ಈ ಮೇಸ್ತ್ರಿಯ ವಿಷಯ ಹೇಳಿದರು.

ಗಾಡಿ ಟೋ ಮಾಡಿಸಿಕೊಂಡು ಹೋದೆ. ಮೇಸ್ತ್ರಿಗೆ ಅರವತ್ತರ ಮೇಲಾಗಿರಬೇಕು. ನನ್ನ ಕಥೆ ಪೂರ್ತಿ ಕೇಳಿದರು, ಒಂದು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಹಾಕಿ ಎತ್ತಿಸಿದರು, ಗೇರ್ ನ್ಯೂಟ್ರಲ್‌ನಲ್ಲಿ. ಸೀಮೆಸುಣ್ಣದಲ್ಲಿ ಟೈರಿಗೆ ಒಂದು ಗೆರೆ, ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗೆರೆ ಎಳೆದರು. ಹುಡುಗ ಚಕ್ರವನ್ನು ನಿಧಾನಕ್ಕೆ ಸರಿಯಾಗಿ ಎರಡು ಸುತ್ತು ತಿರುಗಿಸಿದ (ಇನ್ನೊಂದು ಚಕ್ರ ನೆಲದ ಮೇಲೇ ನಿಂತಿರುವುದರಿಂದ ಈ ಎರಡು ಸುತ್ತು ಆಕ್ಸಲಿನ ಒಂದು ಸುತ್ತಿಗೆ ಸಮ). ಇವರು ಕೆಳಗೆ ಗೋಣಿಚೀಲದ ಮೇಲೆ ಮಲಗಿ ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಬಾಯಿಬಿಟ್ಟು ಎಣಿಸಿದರು. ಐದಕ್ಕೆ ಸ್ವಲ್ಪ ಕಡಿಮೆ. ಮುಂದಿನ ಚಕ್ರಕ್ಕೂ ಹಾಗೇ ಮಾಡಿದರು. ಐದೂ ಕಾಲು ದಾಟಿ ನಿಂತಿತು. ಎದ್ದು ಬಂದು ಕೈ ಒರೆಸಿಕೊಂಡು ಹೇಳಿದರು: "ಗೌಡ್ರೇ, ಮುಂದಿಂದು ಒಂದು ಗಾಡೀದು, ಹಿಂದಿಂದು ಇನ್ನೊಂದು ಗಾಡೀದು. ಎರಡೂ ಜಗಳ ಆಡ್ತಾ ಇವೆ."

ಆಮೇಲೆ ಕವರ್ ಬಿಚ್ಚಿ, ಆಕ್ಸಲ್ ಒಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್, ಎರಡರ ಹಲ್ಲೂ ಎಣಿಸಿ ತೋರಿಸಿದರು. ಹಿಂದೆ ಕ್ರೌನ್‌ಗೆ 39, ಪಿನಿಯನ್‌ಗೆ 8. ಅಂದರೆ 4.88. ಮುಂದೆ 43ಕ್ಕೆ 8, ಅಂದರೆ 5.38. ಹಳೇ ಜೀಪುಗಳಲ್ಲಿ ಈ ಎರಡೂ ಲೆಕ್ಕ ಸಿಗುತ್ತವೆ, ಹೊರಗಿನಿಂದ ನೋಡಿದರೆ ಹೌಸಿಂಗ್ ಒಂದೇ ಥರ. ಆದರೆ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಹಿಂದಿನ ಚಕ್ರ 100 ಅಡಿ ಓಡುವಷ್ಟರಲ್ಲಿ ಮುಂದಿನದು ಸುಮಾರು 91 ಅಡಿ ಓಡುವ ಲೆಕ್ಕ ಆಯಿತು. ಕೆಸರಿನಲ್ಲಾದರೆ ಚಕ್ರ ಜಾರಿ ಅದು ಸರಿಹೊಂದುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗ ಎಲ್ಲಿ? ಆ ಒತ್ತಡವೆಲ್ಲ ಶಾಫ್ಟ್, ಕ್ರಾಸ್, ಗೇರಿನ ಮೇಲೆ ಬೀಳುತ್ತದೆ. ಕ್ರಾಸ್ ತುಂಡಾದದ್ದು ಅದಕ್ಕೇ.

ಒಂದು ಸೀಮೆಸುಣ್ಣ, ಒಂದು ಜಾಕು. ಹತ್ತು ನಿಮಿಷದ ಕೆಲಸ. ಮೊದಲಿನವರು ಇದನ್ನು ಮಾಡಿದ್ದರೆ ನನ್ನ ಒಂದು ಮಳೆಗಾಲ ಹಾಳಾಗುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಎಲ್ಲೇ ಮಾಡಿಸಿ, ಆಕ್ಸಲ್ ಕೂರಿಸುವ ಮೊದಲು ನಿಮ್ಮ ಕಣ್ಣೆದುರಿಗೇ ಸುತ್ತು ಎಣಿಸಿ ತೋರಿಸಿ ಅನ್ನಿ. ಮಾಡಲ್ಲ ಅಂದರೆ ಗಾಡಿ ವಾಪಸ್ ತನ್ನಿ.

ಮೇಸ್ತ್ರಿ ಏನು ಮಾಡಿದರು ಅಂದರೆ, ಮುಂದಿನ ಆಕ್ಸಲನ್ನು ಬಿಚ್ಚಿ ಬದಿಗಿಟ್ಟು, 39ಕ್ಕೆ 8ರ ಇನ್ನೊಂದು ಸೆಕೆಂಡ್ಸ್ ಆಕ್ಸಲ್ ಹುಡುಕಿಸಿದರು. ಗುಜರಿಯಲ್ಲಿ ಸಿಕ್ಕಿದ ತಕ್ಷಣ ಹಾಕಲಿಲ್ಲ. ಪೂರ್ತಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಬೇರಿಂಗ್, ಸೀಲ್ ಎಲ್ಲ ಹೊಸದು ಹಾಕಿ, ಕ್ರೌನ್ ಪಿನಿಯನ್ ಹಲ್ಲಿಗೆ ಬಣ್ಣ ಬಳಿದು ಅಚ್ಚು ಎಲ್ಲಿ ಬೀಳುತ್ತದೆ ಅಂತ ನೋಡಿ ಶಿಮ್ (ಸಂದು ಹೊಂದಿಸುವ ತೆಳು ತಗಡಿನ ಬಳೆ) ಬದಲಿಸಿದರು. ಮೂರು ಸಲ ಬದಲಿಸಿದ್ದನ್ನು ನಾನೇ ನಿಂತು ನೋಡಿದ್ದೇನೆ. ಬೇರೆ ತೂಕದ ಆಕ್ಸಲ್ ಬಂದಿದೆ ಅಂತ ಮುಂದಿನ ಕಮಾನು ಪ್ಲೇಟ್ ಒಂದು ಜಾಸ್ತಿ ಮಾಡಿದರು. ಟ್ರಾನ್ಸ್‌ಫರ್ ಕೇಸ್ ಹಳೇ ಡಾನಾ 18. 1941ರ ವಿಲ್ಲಿಸ್ ಜೀಪಿನಿಂದ ಬಂದ ಡಿಸೈನ್ ಅದು, ಒಳಗೆ ಚೈನ್ ಇಲ್ಲ, ಎಲ್ಲ ಗೇರೇ. ಅದರಿಂದ ಹಿಂದಿನ ಶಾಫ್ಟ್ ಹೊರಡುವುದು ಮಧ್ಯದಿಂದಲ್ಲ, ಒಂದು ಪಕ್ಕದಿಂದ. ಹಾಗಾಗಿ ಹಿಂದಿನ ಡಿಫ್ರೆನ್ಶಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ) ಕೂಡ ಅದೇ ಪಕ್ಕಕ್ಕೆ ಸರಿದಿರುವ ಆಕ್ಸಲ್ ಬೇಕು. ಟೂ ವೀಲ್ (ಎರಡೇ ಚಕ್ರ ಎಳೆಯುವ) ಗಾಡಿಯ, ಆಕ್ಸಲಿನ ಮಧ್ಯದಲ್ಲಿರುವ ಡಿಫ್ರೆನ್ಶಿಯಲ್ ಹಾಗೇ ಬಿಟ್ಟು ಶಾಫ್ಟನ್ನು ಓರೆಯಾಗಿ ಕೂರಿಸಿಕೊಡುವವರೂ ಇದ್ದಾರೆ. ಅದನ್ನು ಒಪ್ಪಬೇಡಿ, ಸ್ಪೀಡ್ ಹೋದಾಗ ಗಾಡಿ ನಡುಗುತ್ತದೆ. ನನ್ನದರಲ್ಲಿ ಇದೊಂದನ್ನು ಮೊದಲಿನವರು ಸರಿಯಾಗಿಯೇ ಮಾಡಿದ್ದರು.

ಇಲ್ಲಿ ನನಗೆ ಬಿದ್ದ ಖರ್ಚು 62,000. ಅದರಲ್ಲಿ ಕೂಲಿ 18,000, ಉಳಿದದ್ದು ಸಾಮಾನು. ಒಂದೊಂದು ಸಾಮಾನಿಗೂ ಬಿಲ್ಲು ಇಟ್ಟಿದ್ದರು, ತೆಗೆದ ಹಳೇ ಸಾಮಾನನ್ನು ಗೋಣಿಚೀಲದಲ್ಲಿ ಕಟ್ಟಿ ಜೀಪಿನ ಹಿಂದೆ ಹಾಕಿ ಕೊಟ್ಟರು. 24 ದಿನ ಹಿಡಿಯಿತು. ಇಪ್ಪತ್ತು ಅಂದಿದ್ದರು.

ಕೊಡುವಾಗ ಒಂದು ಗಂಟೆ ಕೂರಿಸಿಕೊಂಡು ಹೇಳಿಕೊಟ್ಟರು, ಅದಕ್ಕೆ ಬೆಲೆ ಕಟ್ಟಲಾಗದು. ಮೊದಲು ಮುಂದಿನ ಆಕ್ಸಲ್ ಸೇರಿಸಬೇಕು, ಆಮೇಲೆ ಮಾತ್ರ ಲೋ (ವೇಗ ಕಡಿಮೆ, ಎಳೆತ ಜಾಸ್ತಿ ಮಾಡುವ ಗೇರು) ಹಾಕಬೇಕು. ಟಾರ್ ರಸ್ತೆಯಲ್ಲಿ, ಕಾಂಕ್ರೀಟ್ ಕಣದಲ್ಲಿ ಫೋರ್ ವೀಲ್ ಹಾಕಲೇಬಾರದು. ಯಾಕೆಂದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ, ಈ ಜೀಪಿನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳ ಮಧ್ಯೆ ಡಿಫ್ರೆನ್ಶಿಯಲ್ ಇಲ್ಲ, ಮತ್ತೆ ಅದೇ ಜಗಳ ಶುರು. ಲಿವರ್ ಸಿಕ್ಕಿಹಾಕಿಕೊಂಡರೆ ಜಗ್ಗಬೇಡಿ, ಸುಮ್ನೆ ನಾಲ್ಕು ಅಡಿ ರಿವರ್ಸ್ ಬನ್ನಿ, ತಾನಾಗಿ ಬಿಡುತ್ತದೆ. ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಸವೆತ ಇರಬೇಕು. ಹಿಂದೆ ಹೊಸ ಟೈರ್, ಮುಂದೆ ಬೋಳು ಟೈರ್ ಹಾಕಿದರೂ ಹಲ್ಲಿನ ಲೆಕ್ಕ ತಪ್ಪಿದ ಹಾಗೇ.

ಈಗ ಒಂದು ಮಳೆಗಾಲ ಓಡಿಸಿದ್ದೇನೆ. ಏರು ಹತ್ತುವುದಕ್ಕಿಂತ ಇಳಿಯುವುದರಲ್ಲಿ ಜಾಸ್ತಿ ಲಾಭ ಕಂಡೆ, ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಲೋ ಹಾಕಿದರೆ ಗಾಡಿಯ ಎಳೆತ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಕಡಿಮೆ. ಒಂದನೇ ಗೇರಿನಲ್ಲಿ ಬ್ರೇಕ್ ಮುಟ್ಟದೆ ಆ ಜೇಡಿಮಣ್ಣಿನ ಇಳುಕಲನ್ನು ನಡೆದುಕೊಂಡು ಇಳಿಯುವ ಹಾಗೆ ಇಳಿಯುತ್ತದೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಹಿಡಿತ ಇರುತ್ತದೆ. ಜುಲೈಯಲ್ಲಿ ಜಡಿಮಳೆ ಹಿಡಿದಿದ್ದಾಗ ಹೆಂಗಸರನ್ನೆಲ್ಲ ಕೂರಿಸಿಕೊಂಡು ಕೆಳಗೆ ಹೋದೆ. ಮೊದಲು ಆ ಜಾಗ ಬಂದಾಗ ಇಳಿದು ನಡೆಯುತ್ತಿದ್ದವರು ಈ ಸಲ ಮಾತಾಡುತ್ತಾ ಕೂತೇ ಇದ್ದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಆದರೂ ಇದಕ್ಕೆ ಲಾಕರ್ (ಒಂದು ಆಕ್ಸಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಸಾಧನ) ಇಲ್ಲ. ಗುಂಡಿಯಲ್ಲಿ ಓರೆಯಾಗಿ ಸಿಕ್ಕಿದರೆ ಮುಂದೊಂದು ಚಕ್ರ, ಹಿಂದೊಂದು ಚಕ್ರ ಖಾಲಿ ತಿರುಗುತ್ತವೆ, ಗಾಡಿ ಅಲ್ಲೇ ನಿಲ್ಲುತ್ತದೆ. ಎರಡು ಸಲ ಹಾಗಾಗಿದೆ. ಸ್ಟಿಯರಿಂಗ್ ಮೊದಲಿಗಿಂತ ಭಾರ, ತಿರುಗಿಸಲು ಜಾಗವೂ ಜಾಸ್ತಿ ಬೇಕು.

ಇನ್ನು ಕಾನೂನಿನ ಮಾತು. ಇದನ್ನು ಮುಚ್ಚಿಟ್ಟು ಬರೆಯುವುದು ತಪ್ಪಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ನನ್ನ ಜೀಪ್ ತೋಟದ ಗೇಟು ದಾಟುವುದಿಲ್ಲ, ಪೇಟೆಗೆ ಬೇರೆ ಕಾರಿದೆ, ಗ್ಯಾರೇಜಿಗೆ ಹೋಗುವುದಿದ್ದರೂ ಟೋ ಗಾಡಿಯಲ್ಲೇ. ರಸ್ತೆಗೆ ಬೇಕು ಅನ್ನುವವರು ಈ ಕೆಲಸಕ್ಕೆ ಕೈಹಾಕಬೇಡಿ. ಅಪಘಾತ ಆದರೆ ಇನ್ಶೂರೆನ್ಸ್ ಸಿಗುವುದೂ ಕಷ್ಟ. ಕಂಪನಿಯಿಂದಲೇ ಫೋರ್ ಬೈ ಫೋರ್ ಆಗಿ ಬಂದ ಹಳೇ ಎಂಎಂ 540, ಜಿಪ್ಸಿ, ಹಳೇ ಥಾರ್ ಯಾವುದಾದರೂ ನೋಡಿ. ನನ್ನ ಎರಡೂ ಗ್ಯಾರೇಜಿನ ಖರ್ಚು ಕೂಡಿಸಿದರೆ 1,72,000. ಅಪ್ಪನ ಗಾಡಿ ಅಲ್ಲದಿದ್ದರೆ ನಾನೂ ಅದನ್ನು ಮಾರಿ ಇಷ್ಟು ಸೇರಿಸಿ ಅಂಥದ್ದನ್ನೇ ತರುತ್ತಿದ್ದೆ.

ನಾನು ಅಲ್ಲಿದ್ದಾಗಲೇ ಒಬ್ಬ ಹುಡುಗ 2023ರಲ್ಲಿ ಬಂದ ಟೂ ವೀಲ್ ಥಾರ್ ತಂದು ಇದಕ್ಕೂ ಹಾಕಿಕೊಡಿ ಅಂದ. ಮೇಸ್ತ್ರಿ ಬಾನೆಟ್ ಕೂಡ ತೆಗೆಸಲಿಲ್ಲ. "ಇದನ್ನು ಮುಟ್ಟಲ್ಲ ಮಗಾ. ಮುಂದೆ ಕಮಾನು ಇಲ್ಲ, ಎಂಜಿನ್ನೇ ಬೇರೆ, ಎಲ್ಲ ವೈರಿಂಗ್. ಮಾರಿಬಿಟ್ಟು ಫೋರ್ ವೀಲ್‌ದೇ ತಗೋ" ಅಂದರು. ಬಂದ ಕೆಲಸವನ್ನು ಬೇಡ ಅನ್ನುವ ಮೇಸ್ತ್ರಿ ಸಿಗುವುದು ಕಷ್ಟ.

ಅರ್ಧ ಮಾರ್ಕು ಕಡಿಮೆ ಮಾಡಿದ್ದು ಎಣ್ಣೆಗೆ. ಟ್ರಾನ್ಸ್‌ಫರ್ ಕೇಸಿನಿಂದ ಇನ್ನೂ ಸ್ವಲ್ಪ ಒಸರುತ್ತಿದೆ, ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಎಂಟಾಣೆ ಅಗಲದ ಕಲೆ. ಹೇಳಿದ್ದಕ್ಕೆ, ಈ ಡಾನಾ 18 ಒಸರುವುದು ಇದ್ದದ್ದೇ, ಆದರೂ ಶಾಫ್ಟಿನ ಸೀಲ್ ಇನ್ನೊಂದು ಸಲ ಬಿಚ್ಚಿ ನೋಡೋಣ, ದುಡ್ಡು ಬೇಡ ಅಂದಿದ್ದಾರೆ. ರೊಬಸ್ಟಾ ಕುಯ್ಲು ಮುಗಿದ ಮೇಲೆ ಮಾರ್ಚಿಯಲ್ಲಿ ಗಾಡಿ ಬಿಡುತ್ತೇನೆ. ನೀವೂ ಹೋಗುವುದಾದರೆ ಅಷ್ಟರೊಳಗೆ ಹೋಗಿ ಹೇಳಿಟ್ಟು ಬನ್ನಿ, ಮೇ ಬಂತು ಅಂದರೆ ಅಂಗಳದಲ್ಲಿ ಜೀಪು ನಿಲ್ಲಿಸಲು ಜಾಗ ಇರುವುದಿಲ್ಲ.